ಸೊಂಟದ ಮೇಲಿನ ಕೈ

ಮೊಮ್ಮಗಳ ಆಟದ ನಿಯಮ ನನಗೆ ಇವತ್ತಿಗೂ ಪೂರ್ತಿ ತಿಳಿಯದು. ಊರಿನಲ್ಲಿ ಮಾವಿನಹಣ್ಣು ಕೊಯ್ಯಲು ದೋಟಿಯ ತುದಿಗೆ ಬಲೆ ಕಟ್ಟುತ್ತಾರಲ್ಲ, ಅಂಥದ್ದೇ ಒಂದು ಕೋಲು, ಅಷ್ಟು ಉದ್ದವಿಲ್ಲ. ಅದರ ಬಲೆಯಲ್ಲಿ ಹಳದಿ ಚೆಂಡು ಇಟ್ಟುಕೊಂಡು ಹುಡುಗಿಯರು ಓಡುತ್ತಾರೆ, ಎಸೆಯುತ್ತಾರೆ, ಹಿಡಿಯುತ್ತಾರೆ, ಎದುರಿನವರ ಗೋಲಿಗೆ ಹೊಡೆಯುತ್ತಾರೆ. ಕಣ್ಣಿಗೆ ತಂತಿಯ ಕನ್ನಡಕ, ಹಲ್ಲಿಗೆ ರಬ್ಬರಿನ ಕವಚ. ಲ್ಯಾಕ್ರಾಸ್ ಎಂದು ಹೆಸರು. ಮೊದಲ ಸಲ ನೋಡಿದಾಗ ಇದನ್ನು ಕಲಿತು ಏನು ಉದ್ಧಾರ ಎಂದು ಕೇಳಿದ್ದೆ. ಕೇಳಿದ್ದು ತಪ್ಪು ಎಂದು ಈಗಲೂ ಅನ್ನಿಸುವುದಿಲ್ಲ.

ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಇವಳು ಹುಟ್ಟಿದಾಗ ಬಾಣಂತನಕ್ಕೆಂದು ಅಬುಧಾಬಿಗೆ ಬಂದೆ. ಇವಳಿಗೆ ಹಲ್ಲು ಬಂತು, ಆಮೇಲೆ ಶಾಲೆ ಬಂತು, ನಾನು ಖಾಲಿದಿಯಾ ಬಡಾವಣೆಯ ಈ ಫ್ಲ್ಯಾಟಿನಲ್ಲೇ ಉಳಿದೆ. ಮಗನಿಗೆ ದುಬೈ ದಾರಿಯ ಜೆಬೆಲ್ ಅಲಿಯಲ್ಲಿ ಗೋದಾಮೊಂದರ ಆಫೀಸಿನಲ್ಲಿ ಕೆಲಸ. ಸೊಸೆ ಆಸ್ಪತ್ರೆಯಲ್ಲಿ ನರ್ಸ್. ಅವಳು ಮೈಸೂರಿನವಳು, ನಾವು ಮಂಗಳೂರು ಕಡೆಯ ಕೊಂಕಣಿಯವರು. ಹಾಗಾಗಿ ಮನೆಯಲ್ಲಿ ಎಲ್ಲರಿಗೂ ಆಗುವ ಭಾಷೆ ಕನ್ನಡ. ಹುಡುಗಿ ಮಾತ್ರ ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಸಿಟ್ಟು ಬಂದರೆ, ಇಲ್ಲವೇ ನನ್ನಿಂದ ಏನಾದರೂ ಆಗಬೇಕಿದ್ದರೆ, ಕನ್ನಡ ತಾನಾಗಿ ಬರುತ್ತದೆ.

ಹೈಸ್ಕೂಲಿಗೆ ಬಂದಾಗ ಅವಳ ತಲೆಗೆ ಒಂದೇ ಹುಚ್ಚು ಹತ್ತಿತು: ಆಲ್-ಸ್ಟಾರ್ ತಂಡ. ದುಬೈ, ಅಬುಧಾಬಿಯ ಶಾಲೆ, ಕ್ಲಬ್ಬುಗಳಲ್ಲಿ ಆಡುವ ಹುಡುಗಿಯರಲ್ಲಿ ಒಳ್ಳೆಯವರನ್ನು ಆರಿಸಿ ಒಂದು ತಂಡ ಕಟ್ಟುತ್ತಾರೆ. ಆ ತಂಡ ಹೊರದೇಶಕ್ಕೆ ಟೂರ್ನಮೆಂಟಿಗೆ ಹೋಗುತ್ತದೆ. ಅಲ್ಲಿ ಅಮೆರಿಕದ ಕಾಲೇಜುಗಳ ಕೋಚುಗಳು ಕುರ್ಚಿ ಹಾಕಿಕೊಂಡು ಕೂತು, ಯಾರನ್ನು ತಮ್ಮ ಕಾಲೇಜಿಗೆ ಕರೆದುಕೊಳ್ಳಬಹುದು ಎಂದು ನೋಡುತ್ತಾರೆ. ಇಲ್ಲಿಯ ಹುಡುಗಿಯರನ್ನು ನೋಡಲು ಇಲ್ಲಿಗೆ ಅವರು ಬರುವುದಿಲ್ಲ. ಆ ತಂಡದಲ್ಲಿದ್ದರೆ ಅವರ ಕಣ್ಣಿಗೆ ಬಿದ್ದಳು, ಇಲ್ಲದಿದ್ದರೆ ಇಲ್ಲ. ಇವಳಿಗೆ ಕಾಲೇಜಿನಲ್ಲೂ ಆಡಬೇಕಿತ್ತು. ಬೇರೆ ಏನೂ ಬೇಡ.

ಮೊದಲ ವರ್ಷ ಆಯ್ಕೆಗೆಂದು ನಾವೆಲ್ಲ ಕಾರಿನಲ್ಲಿ ದುಬೈಗೆ ಹೋದೆವು. ಇವಳು ಗೋಲುಗಳನ್ನು ಹೊಡೆದಳು, ಅದನ್ನು ಇಲ್ಲವೆನ್ನುವುದಿಲ್ಲ. ಸಂಜೆ ಮೈದಾನದಲ್ಲೇ ಹುಡುಗಿಯರನ್ನು ನಿಲ್ಲಿಸಿ, ಆಯ್ಕೆಯಾದವರ ಅಂಗಿಯ ನಂಬರು ಓದಿದರು. ಇವಳ ನಂಬರು ಬರಲಿಲ್ಲ.

ವಾಪಸು ಬರುವಾಗ ಕಾರಿನಲ್ಲಿ ಮಗ ಶುರು ಮಾಡಿದ.

"ಅವರಿಗೆ ಅವರವರ ಮಕ್ಕಳೇ ಬೇಕು. ನಮ್ಮವರನ್ನು ಯಾರು ತಗೊಳ್ತಾರೆ?"

"ಅಷ್ಟು ಗೋಲ್ ಹೊಡ್ದಿದೀಯ ಕಂದ," ಎಂದಳು ಸೊಸೆ. "ಅವ್ರಿಗೆ ಕಣ್ಣಿಲ್ಲ, ಅಷ್ಟೆ."

"ಕಣ್ಣುಂಟು," ಎಂದೆ ನಾನು.

"ಅತ್ತೆ, ಈಗ ಬೇಡ."

"ಮತ್ತೆ ಯಾವಾಗ? ಚೆಂಡು ಕೈ ತಪ್ಪಿದಾಗೆಲ್ಲ ಇವಳು ಸೊಂಟಕ್ಕೆ ಕೈ ಕೊಟ್ಟು ನಿಂತದ್ದು ನನಗೇ ಕಂಡಿತು. ಬಸ್ಸು ತಪ್ಪಿದವರ ಹಾಗೆ. ಉಳಿದ ಮಕ್ಕಳು ಚೆಂಡಿನ ಹಿಂದೆ ಓಡ್ತಾ ಇದ್ರು, ಇವಳು ನಿಂತು ನೋಡ್ತಾ ಇದ್ಲು. ನಾನಾದ್ರೂ ಇವಳನ್ನು ತಗೊಳ್ತಿರ್ಲಿಲ್ಲ."

ಜೆಬೆಲ್ ಅಲಿ ಬಂತು, ಹೋಯಿತು. ಪ್ರತಿ ಸಲ ತನ್ನ ಗೋದಾಮನ್ನು ಬೆರಳು ಮಾಡಿ ತೋರಿಸುವ ಮಗ ಅಂದು ಅತ್ತ ತಿರುಗಲೂ ಇಲ್ಲ. ಹುಡುಗಿ ಕಿವಿಗೆ ಇಯರ್‌ಫೋನ್ ತುರುಕಿಕೊಂಡು ಕಿಟಕಿಗೆ ಮುಖ ಮಾಡಿ ಕೂತಿದ್ದಳು.

ಮನೆಗೆ ಬಂದವರೇ ಮಗ, ಸೊಸೆ ಸಾಮಾನು ತರಲು ಕೆಳಗಿನ ಅಂಗಡಿಗೆ ಹೋದರು. ಹಿಂದೆಯೇ ಢಂ ಎಂದು ಸದ್ದಾಯಿತು. ಹೋಗಿ ನೋಡಿದರೆ ಬಚ್ಚಲಿನ ಬಾಗಿಲಿಗೆ ಮುಷ್ಟಿ ಹೋಗುವಷ್ಟು ತೂತು. ಇಲ್ಲಿನ ಬಾಗಿಲು ಹೊರಗಿನಿಂದ ಮರ, ಒಳಗೆ ಟೊಳ್ಳು. ಕೋಲಿನ ತಲೆ ಮುರಿದು ನೆಲದ ಮೇಲೆ ಬಿದ್ದಿತ್ತು. ಹುಡುಗಿ ನನ್ನನ್ನು ನೋಡಿದಳು. ನಾನು ಬಾಗಿಲ ಮೇಲೆ ಒಂದು ಕೊಕ್ಕೆ ಅಂಟಿಸಿ, ತೂತು ಮುಚ್ಚುವ ಹಾಗೆ ನನ್ನ ನೈಟಿ ತೂಗುಹಾಕಿದೆ. ಬೈಯುವುದಿದ್ದರೆ ನಾನು ಬೈಯುತ್ತೇನೆ. ಅವಳ ಅಪ್ಪ ಅಮ್ಮನಿಗೆ ಅದರ ಗೊಡವೆ ಬೇಡ.

ಆಮೇಲೆ ಅವಳು ನನ್ನ ಹತ್ತಿರ ಮಾತು ಬಿಟ್ಟಳು. ಊಟಕ್ಕೆ ಕರೆದರೆ ಬರುತ್ತಾಳೆ, ತಿಂದು ತಟ್ಟೆ ತೊಳೆದಿಟ್ಟು ಹೋಗುತ್ತಾಳೆ. ನಾನೂ ಮಾತಾಡಿಸಲಿಲ್ಲ. ಒಂದು ದಿನ ಬಂಗುಡೆ ಹುರಿದು ಬಡಿಸಿದೆ. ಅದನ್ನು ರಾಜಿ ಎಂದು ಯಾರಾದರೂ ತಿಳಿದುಕೊಂಡರೆ ತಪ್ಪು. ಅವತ್ತು ಮಾರ್ಕೆಟ್ಟಿನಲ್ಲಿ ಬಂಗುಡೆ ಚೆನ್ನಾಗಿತ್ತು.

ಮೀನು ತಿಂದ ಸಂಜೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ಅಜ್ಜಿ, ಕೆಳಗೆ ಬರ್ತೀಯಾ?"

"ಎಂತಕ್ಕೆ?"

"ನಾನು ಸೊಂಟದ ಮೇಲೆ ಕೈ ಇಟ್ರೆ ಹೇಳು. ನಂಗೆ ಗೊತ್ತೇ ಆಗಲ್ಲ."

ನಮ್ಮ ಕಟ್ಟಡದ ಹಿಂದೆ ಕಾರು ನಿಲ್ಲಿಸುವ ಜಾಗದಲ್ಲಿ ಒಂದು ಬೋಳು ಗೋಡೆ ಇದೆ. ಹೊಸ ಕೋಲು ಹಿಡಿದು ಚೆಂಡನ್ನು ಅದಕ್ಕೆ ಹೊಡೆಯುವುದು, ತಿರುಗಿ ಬಂದದ್ದನ್ನು ಹಿಡಿಯುವುದು. ತಪ್ಪಿದರೆ ಚೆಂಡು ಯಾರದೋ ಕಾರಿನ ಅಡಿಗೆ. ಕೈ ಸೊಂಟಕ್ಕೆ ಹೋಗುತ್ತದೆ. "ಕೈ," ಎನ್ನುತ್ತೇನೆ ನಾನು. ಓಡುತ್ತಾಳೆ. ಮತ್ತೆ ತಪ್ಪುತ್ತದೆ. "ಕೈ."

ವಾಚ್‌ಮನ್ ಪೇಶಾವರದ ಕಡೆಯ ಮನುಷ್ಯ. ಮೊದಲ ವಾರವೇ ಆಟ ನಿಲ್ಲಿಸಿ ಎಂದು ತಕರಾರು ತಂದ.

"ಅಮ್ಮಾಜೀ, ಯೇ ದೀವಾರ್ ಹೈ, ಮೈದಾನ್ ನಹೀ. ಖಲಾಸ್ ಕರೋ."

ಗೋಡೆ ಎಲ್ಲಿಗೂ ಓಡಿಹೋಗುವುದಿಲ್ಲ, ನೀನು ಯಾಕೆ ಹೆದರುತ್ತೀ ಎಂದೆ, ನನ್ನ ಮುರುಕು ಹಿಂದಿಯಲ್ಲಿ. ಅವನು ಗೊಣಗುತ್ತಾ ಹೋದ. ಮರುದಿನ ತನ್ನ ಪ್ಲಾಸ್ಟಿಕ್ ಕುರ್ಚಿ ತಂದು ನನಗೆ ಹಾಕಿದ. ತಿಂಗಳು ಕಳೆಯುವುದರೊಳಗೆ ನಾನು "ಕೈ" ಎನ್ನುವ ಮೊದಲೇ ಅವನು ಗೇಟಿನಿಂದ "ಹಾಥ್" ಎಂದು ಕೂಗುತ್ತಿದ್ದ. ಬೇಸಿಗೆಯಲ್ಲಿ ಹೊರಗೆ ನಿಲ್ಲಲಾಗದೆ ನೆಲಮಾಳಿಗೆಯ ಪಾರ್ಕಿಂಗಿಗೆ ಇಳಿದೆವು. ಅಲ್ಲಿ ಒಂದು ದಿನ ಚೆಂಡು ತಪ್ಪಿತು, ಕೈ ಮೇಲೇಳಲಿಲ್ಲ, ಹುಡುಗಿ ಆಗಲೇ ಓಡಿಯಾಗಿತ್ತು. ನಾನು ನೋಡಿದೆ. ಭೇಷ್ ಎನ್ನಲಿಲ್ಲ. ಅಂದಿದ್ದರೆ ಹಿಗ್ಗಿ, ನಿಂತು, ಮತ್ತೆ ಸೊಂಟಕ್ಕೆ ಕೈ ಕೊಡುತ್ತಿದ್ದಳು.

ಮರುವರ್ಷದ ಆಯ್ಕೆಗೆ ಮತ್ತೆ ದುಬೈ. ಆಟ ಅರ್ಧವಾಗಿತ್ತು. ಒಬ್ಬ ಎತ್ತರದ ಹುಡುಗಿ ಇವಳ ಕೋಲಿಗೆ ಕೋಲು ತಾಗಿಸಿ ಚೆಂಡು ಬೀಳಿಸಿ, ಎತ್ತಿಕೊಂಡು ಓಡಿದಳು. ನನ್ನ ಬಾಯಿಯವರೆಗೆ ಮಾತು ಬಂದಿತ್ತು. ಬೇಕಾಗಲಿಲ್ಲ. ಇವಳು ತಿರುಗಿ, ಮೈದಾನದ ಆ ಕೊನೆಯಿಂದ ಈ ಕೊನೆಯವರೆಗೆ ಅವಳನ್ನು ಅಟ್ಟಿಸಿಕೊಂಡು ಬಂದು, ಗೋಲಿನ ಮುಂದೆ ಅದೇ ಪೆಟ್ಟು ವಾಪಸು ಕೊಟ್ಟು ಚೆಂಡು ಕಿತ್ತುಕೊಂಡಳು. ಆವತ್ತು ಒಂದೇ ಒಂದು ಗೋಲು ಹೊಡೆಯಲಿಲ್ಲ. ಸಂಜೆ ಇವಳ ನಂಬರು ಓದಿದರು.

ಕಾರಿನಲ್ಲಿ ಮಗ ಹಾಡು ಹಾಕಿದ. "ಸೆಲೆಕ್ಷನ್ ಅಂದ್ರೆ ಹೀಗಿರ್ಬೇಕು. ಏನೂ ಭೇದ ಇಲ್ಲ."

"ಹೋದ ವರ್ಷ ಅವರಿಗೆ ಅವರವರ ಮಕ್ಕಳೇ ಬೇಕು ಅಂದಿದ್ದಿ."

"ಅಮ್ಮ, ಸ್ವಲ್ಪ ಖುಷಿ ಪಡ್ಲಿಕ್ಕೆ ಬಿಡು ಮಾರಾಯ್ತಿ."

ಬಿಟ್ಟೆ. ಜೆಬೆಲ್ ಅಲಿಯಲ್ಲಿ ಗೋದಾಮು ತೋರಿಸಿದ, ನೋಡಿದೆ.

ತಂಡ ಹೊರದೇಶಕ್ಕೆ ಹೋಗಿ ಆಡಿ ಬಂತು. ಅಲ್ಲಿ ಇವಳನ್ನು ನೋಡಿದ ಒಂದು ಕಾಲೇಜಿನ ಕೋಚ್, ಹೆಂಗಸು, ಮನೆಯವರ ಜೊತೆ ವೀಡಿಯೋದಲ್ಲಿ ಮಾತಾಡಬೇಕು ಎಂದು ಬರೆದಳು. ಅವಳ ತಂಡದಲ್ಲಿ ಜಾಗ ಒಂದೇ ಇತ್ತು, ಇನ್ನೂ ಕೆಲವು ಹುಡುಗಿಯರ ಮನೆಯವರ ಜೊತೆಗೂ ಅವಳು ಮಾತಾಡುತ್ತಿದ್ದಳು. ಆಟ ಒಪ್ಪಿಗೆಯಾಗಿದೆ, ಉಳಿದದ್ದು ಈ ಮಾತುಕತೆ ಎಂದು ಹುಡುಗಿ ಹೇಳಿದಳು. ಹೇಳುವಾಗ ಉಗುರು ಕಚ್ಚುತ್ತಿದ್ದಳು.

ಶನಿವಾರ ಸಂಜೆ ಮಗ ಮೇಲೆ ಇಸ್ತ್ರಿ ಅಂಗಿ, ಕೆಳಗೆ ಚಡ್ಡಿ ಹಾಕಿಕೊಂಡು ಲ್ಯಾಪ್‌ಟಾಪಿನ ಮುಂದೆ ಕೂತ. ಸೊಸೆ ಉತ್ತರಗಳನ್ನು ಬಾಯಿಪಾಠ ಮಾಡಿದ್ದಳು.

"ಅಮ್ಮ, ನೀನೊಂದು ಹಾಯ್ ಹೇಳಿ ಅಡುಗೆಮನೆಗೆ ಹೋಗು. ಚಾ ಮಾಡ್ತಾ ಇರು."

"ಯಾರಿಗೆ? ಅವಳು ಕಂಪ್ಯೂಟರಿನ ಒಳಗಿಂದ ಚಾ ಕುಡೀತಾಳಾ?"

ಹಾಯ್ ಹೇಳಿದೆ. ಅಡುಗೆಮನೆಯ ಬಾಗಿಲವರೆಗೆ ಮಾತ್ರ ಹೋದೆ. ಕೋಚ್ ಕೇಳಿದ್ದನ್ನೂ ಇವರು ಕೊಟ್ಟ ಉತ್ತರವನ್ನೂ ಹುಡುಗಿ ನನ್ನ ಕಡೆ ತಿರುಗಿ ಮೆಲ್ಲಗೆ ಕನ್ನಡದಲ್ಲಿ ಹೇಳುತ್ತಿದ್ದಳು. ತಪ್ಪಾದಾಗ, ಸೋತಾಗ, ಮನೆಯಲ್ಲಿ ಇವಳು ಹೇಗಿರುತ್ತಾಳೆ? ಯಾವಾಗಲೂ ನಗುನಗುತ್ತಾ ಇರುತ್ತಾಳೆ ಎಂದಳು ಸೊಸೆ. ಸೋಲು ಎಂದರೆ ಇವಳಿಗೆ ಪಾಠ ಎಂದ ಮಗ. ಕೋಚ್ ತಲೆಯಾಡಿಸಿದಳು. ನೆಂಟರ ಮನೆಯಲ್ಲಿ ರುಚಿಯಿಲ್ಲದ ಪಾಯಸ ತಿನ್ನುವವರು ತಲೆಯಾಡಿಸುತ್ತಾರಲ್ಲ, ಹಾಗೆ. ಆಮೇಲೆ ನನ್ನ ಕಡೆ ಕೈ ತೋರಿಸಿ ಏನೋ ಕೇಳಿದಳು.

"ಅಜ್ಜಿ, ನೀನು ಏನು ಹೇಳ್ತೀಯ ಅಂತೆ."

ಮಗ ಬೇಡ ಎಂದು ಕಣ್ಣಲ್ಲೇ ಬೇಡಿಕೊಂಡ.

"ನಿಜ ಹೇಳ್ಬೇಕಾ, ಚಂದಕ್ಕೆ ಹೇಳ್ಬೇಕಾ?" ಎಂದು ಹುಡುಗಿಯನ್ನೇ ಕೇಳಿದೆ.

ಅವಳು ಬಾಯಿಂದ ಬೆರಳು ತೆಗೆದಳು. "ನಿಜ. ನಾನೇ ಟ್ರಾನ್ಸ್‌ಲೇಟ್ ಮಾಡ್ತೀನಿ."

"ಹಾಗಾದ್ರೆ ಹೇಳು. ಸೋತರೆ ಮುಖ ಊದಿಸ್ತಾಳೆ. ಮೊದಲು ಚೆಂಡು ಹೋದ್ರೆ ಸೊಂಟಕ್ಕೆ ಕೈ ಕೊಟ್ಟು ನಿಲ್ತಿದ್ಲು, ಅದಕ್ಕೇ ಒಂದು ವರ್ಷ ಸೆಲೆಕ್ಟ್ ಆಗ್ಲಿಲ್ಲ. ನಾನು ಹೇಳಿದ್ದಕ್ಕೆ ಮಾತು ಬಿಟ್ಲು. ಆಮೇಲೆ ಅವಳೇ ಬಂದು ತಿದ್ದು ಅಂದ್ಲು. ಈಗ ನಿಲ್ಲುವುದಿಲ್ಲ, ಓಡ್ತಾಳೆ. ಸಾಕ್ಸ್ ಮಾತ್ರ ಇವತ್ತಿಗೂ ತೊಳೆಯುವುದಿಲ್ಲ."

ಸೊಸೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಹುಡುಗಿ ಇಂಗ್ಲಿಷಿನಲ್ಲಿ ಹೇಳುತ್ತಾ ಹೋದಳು. ನಾನು ಹೇಳಿದ್ದಕ್ಕಿಂತ ಉದ್ದವಾಯಿತು. ನಡುವೆ ಕೋಲು ಬೀಸುವವಳ ಹಾಗೆ ಕೈ ಬೀಸಿದಳು, ಬಚ್ಚಲ ಕಡೆ ಬೆರಳು ಮಾಡಿದಳು. ಮಗ ಗಕ್ಕನೆ ತಿರುಗಿದ.

"ಯಾವ ಬಾಗಿಲು?"

"ನಾನು ಬಾಗಿಲಿನ ಸುದ್ದಿ ಹೇಳಲೇ ಇಲ್ಲ," ಎಂದೆ ಹುಡುಗಿಗೆ.

"ನಿಜ ಹೇಳ್ತೀನಿ ಅಂದ್ಬಿಟ್ಟು ಅರ್ಧ ಹೇಳಿದೆ ನೀನು. ಇನ್ನರ್ಧ ನಾನು ಹೇಳ್ದೆ."

ಕೋಚ್ ಬಾಗಿಲು ನೋಡಬೇಕೆಂದಳು. ಹುಡುಗಿ ಲ್ಯಾಪ್‌ಟಾಪ್ ಎತ್ತಿಕೊಂಡು ಹೋದಳು, ಮಗ ಚಡ್ಡಿಯಲ್ಲೇ ಹಿಂದೆ ಓಡಿದ. ನನ್ನ ನೈಟಿ ಸರಿಸಿ ತೂತು ತೋರಿಸಿದಳು. ಆ ಹೆಂಗಸು ನಕ್ಕದ್ದು ಅಡುಗೆಮನೆಗೆ ಕೇಳಿತು. ಅವಳ ಅಮ್ಮನ ಮನೆಯಲ್ಲೂ ಅಂಥದ್ದೊಂದು ಬಾಗಿಲು ಇದೆಯಂತೆ.

"ಅಜ್ಜಿ ಮೊಮ್ಮಗಳು ಸೇರಿ ಎಲ್ಲ ಹಾಳು ಮಾಡಿದ್ರಿ," ಎಂದ ಮಗ, ಕರೆ ಮುಗಿದ ಮೇಲೆ. ನಾನು ಹುಡುಗಿಯನ್ನೇ ನೋಡುತ್ತಿದ್ದೆ. ಮುಚ್ಚುಮರೆಯಿಲ್ಲದೆ ಮಾತಾಡುವವಳು ಎಂದು ಊರೆಲ್ಲ ನನ್ನನ್ನು ಬೈದುಕೊಂಡಿದೆ. ಆ ನನ್ನನ್ನೇ ಇವಳು ಹಿಂದೆ ಹಾಕಿದ್ದಳು. ಅದೂ ತನ್ನ ತಪ್ಪನ್ನೇ ಹೇಳಿಕೊಂಡು.

ಮುಂದಿನ ವಾರ ಕೋಚ್ ಮತ್ತೆ ಕರೆ ಮಾಡಿದಳು. ಬಾಗಿಲು ತೋರಿಸಿದ ಹುಡುಗಿ ನಮಗೆ ಬೇಕು ಎಂದಳು. ಸಾಕ್ಸ್ ತೊಳೆಯಲು ಮಾತ್ರ ಕಲಿಸಿ ಕಳಿಸಿ ಎಂದಳಂತೆ.

ಸುದ್ದಿ ತಿಳಿದು ಅಕ್ಕಪಕ್ಕದ ಫ್ಲ್ಯಾಟಿನವರು ಬಂದರು, ವಾಚ್‌ಮನ್ ಖರ್ಜೂರದ ಪೊಟ್ಟಣ ಹಿಡಿದು ಮೇಲೆ ಬಂದ. ಬಂದವರನ್ನೆಲ್ಲ ಮಗ ಬಚ್ಚಲಿಗೆ ಕರೆದುಕೊಂಡು ಹೋಗಿ ತೂತು ತೋರಿಸಿದ, "ನನ್ನ ಮಗಳು ಹೊಡೆದದ್ದು" ಎಂದು. ಮುಚ್ಚಿಟ್ಟವನೂ ತಾನೇ ಎನ್ನುವ ಹಾಗೆ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಇವರ ಕುಣಿತವನ್ನೆಲ್ಲ ನೋಡುತ್ತಿದ್ದೆ.

"ಅಜ್ಜಿ," ಎಂದಳು ಹುಡುಗಿ, ಬಾಯಿತುಂಬ ಖರ್ಜೂರ. "ಕೈ."

ನೋಡಿಕೊಂಡೆ. ನನ್ನ ಎರಡೂ ಕೈ ಸೊಂಟದ ಮೇಲಿದ್ದವು.

"ನಾನು ಗೆದ್ದು ನಿಂತದ್ದು," ಎಂದೆ. ಕೈ ತೆಗೆಯಲಿಲ್ಲ.