ಮೂಲೆಯ ಮಶಿನ್ನಿನೊಳಗೆ ಹಣಮಂತಪ್ಪನ ಕೂಗು

ತೊಂಬತ್ತರ ದಶಕದಲ್ಲಿ ಬೈಲಹೊಂಗಲದ ಬಸ್ ಸ್ಟ್ಯಾಂಡಿನ ಹೊರಗೆ, ಬಾಡಿಗೆಯ ಟ್ರ್ಯಾಕ್ಸ್ ಗಾಡಿಗಳು ನಿಲ್ಲುವ ಕಡೆ ಯಾರೇ ಕಾಲಿಟ್ಟರೂ ಹಣಮಂತಪ್ಪ ಕಾಣುವ ಮೊದಲು ಅವನ ದನಿ ಕೇಳುತ್ತಿತ್ತು.

“ಮುರಗೋಡ, ಯರಗಟ್ಟಿ, ರಾಮದುರ್ಗಾಆಆ! ಹತ್ರಿ ಹತ್ರಿ, ಹೊಂಟೇ ಬಿಟ್ಟೈತಿ!”

ಗಾಡಿ ಎಲ್ಲಿ ಹೊರಟಿರುತ್ತಿತ್ತು? ಡ್ರೈವರ್ ಇನ್ನೂ ಚಹಾದಂಗಡಿಯಲ್ಲಿ ಬಶಿಯಲ್ಲಿನ ಚಹಾ ಊದುತ್ತ ಕೂತಿರುತ್ತಿದ್ದ. ಆದರೂ ಆ ಕೂಗು ಕಿವಿಗೆ ಬಿದ್ದ ಮಂದಿ, ಈಗ ತಪ್ಪಿದರೆ ಇನ್ನು ಈ ಜನ್ಮದಲ್ಲಿ ಯರಗಟ್ಟಿ ಕಾಣುವುದಿಲ್ಲ ಅನ್ನುವ ಹಾಗೆ ಗಂಟು ಮೂಟೆ ಎತ್ತಿಕೊಂಡು ಓಡಿ ಬರುತ್ತಿದ್ದರು. ಕೂಗಿ ಗಾಡಿ ತುಂಬಿಸುವುದೇ ಅವನ ಕಸುಬು. ಸ್ಟ್ಯಾಂಡಿನವರು ಏಜಂಟ ಅನ್ನುತ್ತಿದ್ದರು. ಅವನ ಹೆಂಡತಿ ಗುರವ್ವ ಮಾತ್ರ ಬೇರೆಯೇ ಹೇಳುತ್ತಿದ್ದಳು: “ಉಣ್ಣೂ ಮುಂದ ಇಂವಾ ಉಪ್ಪು ತಾ ಅಂದ್ರ ಓಣ್ಯಾನ ಮಂದಿ ಎಲ್ಲಾ ಉಪ್ಪು ಹಿಡಕೊಂಡ ಬರ್ತಾರ್ರಿ.”

ಆ ದನಿಯ ಋಣ ಗೌರೀಶನ ಮೇಲೆ ಇತ್ತು.

ಗೌರೀಶ ಐದನೆಯ ಇಯತ್ತೆಗೇ ಸಾಲಿ ಬಿಟ್ಟವನು. ಟೇಪ್ ರೆಕಾರ್ಡರ್ ರಿಪೇರಿ ಕಲಿತು, ಕಲಿಸಿದವನ ಜೊತೆ ಜಗಳಾಡಿ, ಪಾಲಿನಲ್ಲಿ ಅಂಗಡಿ ಹಾಕಿ, ಪಾಲುದಾರನ ಜೊತೆಯೂ ಜಗಳಾಡಿ ಹೊರಬಿದ್ದವನು. ಸಿಟ್ಟು ಬಂದರೆ ಎದುರಿಗೆ ಇದ್ದದ್ದು ಮನುಷ್ಯನೋ ಗೋಡೆಯೋ ಎಂದು ನೋಡುವ ಪೈಕಿ ಅಲ್ಲ. ಎರಡು ಸಾವಿರದ ಮೂರರಲ್ಲಿ ಹಳೆಯ ಕಂಪ್ಯೂಟರ್ ಮೂರು ತಂದು, ಸ್ಟ್ಯಾಂಡಿನ ಎದುರು ಒಂದು ಖೋಲಿಯಲ್ಲಿ ಆಟದ ಅಂಗಡಿ ಇಟ್ಟ. ಒಂದು ನರಪಿಳ್ಳೆಯೂ ಒಳಗೆ ಬರಲಿಲ್ಲ. ದಿನವಿಡೀ ಫ್ಯಾನಿನ ಕೆಳಗೆ ತಾನೊಬ್ಬನೇ ಕೂತು ಹಲ್ಲು ಕಡಿಯುತ್ತಿದ್ದ.

ಅದನ್ನು ಹಣಮಂತಪ್ಪ ನೋಡಿದ. ಮರುದಿನದಿಂದ ಅವನ ಕೂಗಿಗೆ ಒಂದು ಬಾಲ ಹುಟ್ಟಿತು. “ಯರಗಟ್ಟಿ, ರಾಮದುರ್ಗಾ! ಗಾಡಿ ತುಂಬೂ ತನಕಾ ಬಿಸಲಾಗ ಯಾಕ ನಿಂದರ್ತೀರಿ? ಗೌರ್ಯಾನ ಅಂಗಡ್ಯಾಗ ಫ್ಯಾನ್ ಐತಿ, ಆಟ ಐತಿ, ಹೋಗಿ ಕುಂದರ್ರಿ!”

ಮಂದಿ ಬಂದರು. ಮೊದಲು ಫ್ಯಾನಿಗಾಗಿ, ಆಮೇಲೆ ಆಟಕ್ಕಾಗಿ. ಗೌರೀಶ ಏನಾದರೂ ಕೊಡಲು ಹೋದರೆ ಹಣಮಂತಪ್ಪ ಅವನ ಕೈ ತಳ್ಳಿ, “ಚಾ ಹೇಳಲೇ ಮಗನ, ಸಾಕು” ಅನ್ನುತ್ತಿದ್ದ.

ಎಲ್ಲರಿಗೂ ಬೇಕಾಗಿದ್ದದ್ದು ಒಂದೇ ಆಟ: ಬಸ್ಸು ಲಾರಿ ಓಡಿಸುವುದು. ಅದು ಹೊರದೇಶದ್ದು. ಹಿಮದ ಗುಡ್ಡ, ಕನ್ನಡಿಯಂಥ ರಸ್ತೆ. ನೇಸರಗಿಯ ಶಂಕ್ರೆಪ್ಪ, ಎಂ.ಕೆ. ಹುಬ್ಬಳ್ಳಿಯ ಫ್ಯಾಕ್ಟರಿಗೆ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುವವನು, ಮೊದಲ ದಿನವೇ ತಕರಾರು ತೆಗೆದ. “ಇದೆಂಥಾ ರಸ್ತೇನೋ ಗೌರೀಶಾ? ಅಡ್ಡ ಒಂದು ಎಮ್ಮಿ ಬರಂಗಿಲ್ಲ, ಒಬ್ಬಾಂವ ಬೈಯಂಗಿಲ್ಲ. ನಿದ್ದಿ ಬರ್ತೈತಿ.”

ಹಾಗಾಗಿ ಆಟಕ್ಕೆ ಮಾಡ್ ಹಾಕುವುದು ಶುರುವಾಯಿತು. ಆಟದೊಳಗೆ ನಮಗೆ ಬೇಕಾದ ಹೊಸ ಗಾಡಿ, ಹೊಸ ರಸ್ತೆ, ಹೊಸ ದನಿ ಸೇರಿಸುವ ತುಣುಕುಗಳಿಗೆ ಮಾಡ್ ಅನ್ನುತ್ತಾರೆ. ಕೆಲವು ಇಂಟರ್ನೆಟ್ಟಿನಲ್ಲಿ ಸಿಕ್ಕವು, ಕೆಲವು ಹುಬ್ಬಳ್ಳಿಯಿಂದ ಸೀಡಿಯಲ್ಲಿ ಬಂದವು. ಊರಿನವನ್ನು ಮಾತ್ರ ಮಾಲಾ ಅಕ್ಕೋರು ಮಾಡಿಕೊಟ್ಟರು. ಅವರು ಕಿತ್ತೂರಿನವರು, ಪಕ್ಕದ ಖೋಲಿಯಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದರು. ಅವರ ಕೈಯಲ್ಲಿ ಹೊರದೇಶದ ಬಸ್ಸು ಕೆಂಪಾಗಿ, ಹಣೆಯ ಮೇಲೆ ಕನ್ನಡ ಬೋರ್ಡು ಹೊತ್ತು ನಿಂತಿತು. ಎರಡು ಟ್ರೇಲರ್ ಕಬ್ಬು ಎಳೆಯುವ ಟ್ರ್ಯಾಕ್ಟರ್ ಬಂತು. ಸವದತ್ತಿಯ ಗುಡ್ಡದ ಇಳಿಜಾರು ಬಂತು. ಎಮ್ಮೆಯೂ ಬಂತು.

ಒಂದು ಮಧ್ಯಾಹ್ನ ಅಕ್ಕೋರು ಮೈಕ್ ತಂದು ಮೂಲೆಯ ಮಶಿನ್ನಿಗೆ ಸಿಕ್ಕಿಸಿ, “ಕಾಕಾ, ಒಮ್ಮಿ ಒದರ್ರಿ” ಅಂದರು. ಹಣಮಂತಪ್ಪ ಒದರಿದ. ಮೈಕ್ ತಡೆಯಲಿಲ್ಲ. ಅಕ್ಕೋರು ಅದನ್ನು ಟೇಬಲ್ಲಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಒಯ್ದರು. ಕೊನೆಗೆ ಹಣಮಂತಪ್ಪನನ್ನೇ ರಸ್ತೆಗೆ ಅಟ್ಟಿ ಅಲ್ಲಿಂದ ಕೂಗಿಸಬೇಕಾಯಿತು. ಅವತ್ತಿನಿಂದ ಮೂಲೆಯ ಮಶಿನ್ನಿನಲ್ಲಿ ಯಾರು ಬಸ್ಸನ್ನು ಸ್ಟ್ಯಾಂಡಿಗೆ ತಂದು ನಿಲ್ಲಿಸಿದರೂ ಒಳಗಿನಿಂದ “ಮುರಗೋಡ, ಯರಗಟ್ಟಿ, ರಾಮದುರ್ಗಾಆಆ!” ಎಂದು ಹಣಮಂತಪ್ಪ ಒದರುತ್ತಿದ್ದ. ಹೊರಗೆ ನಿಂತ ಹಣಮಂತಪ್ಪ, “ಯಾವಾಂವಲೇ ಅಂವಾ, ನನ್ನ ಪ್ಯಾಸಿಂಜರ ಒಯ್ಯಾಕತ್ತಾಂವಾ?” ಎಂದು ಉತ್ತರ ಕೊಡುತ್ತಿದ್ದ.

ಎರಡು ವರ್ಷ ಕಳೆಯಿತೋ ಇಲ್ಲವೋ, ಅವನಿಗೆ ಗಂಟಲಲ್ಲಿ ಗಡ್ಡೆ ಬಂತು. ಬೆಳಗಾವಿಯಲ್ಲಿ ಕೊಯ್ದು ತೆಗೆದರು. ಜೀವ ಉಳಿಯಿತು, ದನಿ ಉಳಿಯಲಿಲ್ಲ. ಕಿವಿ ಹತ್ತಿರ ತಂದರೆ ಮಾತ್ರ ಕೇಳುವಂಥ ಒಂದು ಪಿಸುಗುಟ್ಟು ಉಳಿಯಿತು, ಅಷ್ಟೇ. ಸ್ಟ್ಯಾಂಡಿನಲ್ಲಿ ಕೂಗಲು ಬೇರೆಯವನು ಬಂದ. ಹಣಮಂತಪ್ಪ ಅದಕ್ಕೇನೂ ಅಳುತ್ತ ಕೂರಲಿಲ್ಲ. ಮುಂಜಾನೆ ಬಂದು ಡ್ರೈವರ್‌ಗಳ ಜೊತೆ ಕೈಸನ್ನೆಯಲ್ಲೇ ಚೇಷ್ಟೆ ಮಾಡಿ, ಬಿಸಿಲು ಏರಿದ ಮೇಲೆ ಗೌರೀಶನ ಅಂಗಡಿಗೆ ಬಂದು ಮೂಲೆಯ ಮಶಿನ್ ಮುಂದೆ ಕೂರುತ್ತಿದ್ದ. ಆಟ ಆಡಲು ಅವನಿಗೆ ಬರುತ್ತಿರಲಿಲ್ಲ. ಗೌರೀಶನೇ ಬಸ್ಸನ್ನು ಸ್ಟ್ಯಾಂಡಿಗೆ ತಂದು ನಿಲ್ಲಿಸಿ ಕೊಡುತ್ತಿದ್ದ. ಕೂಗು ಮುಗಿದ ಮೇಲೆ ಹಣಮಂತಪ್ಪ ಚಹಾ ಹೀರಿ, “ಚಲೋ ಒದರ್ತಾನ ಮಗಾ” ಎಂದು ಪಿಸುಗುಟ್ಟಿ ಮನೆಗೆ ಹೋಗುತ್ತಿದ್ದ. ಆ ದನಿ ಲೋಕದಲ್ಲಿ ಇನ್ನೆಲ್ಲಿಯೂ ಇರಲಿಲ್ಲ. ಆ ಒಂದು ಮಶಿನ್ನಿನಲ್ಲಿತ್ತು.

ಇತ್ತ ಮಾಡ್‌ಗಳು ಹೆಚ್ಚುತ್ತ ಹೋದವು. ಒಂದು ಹಾಕಿದರೆ ಇನ್ನೊಂದು ಮುರಿಯುತ್ತಿತ್ತು. ಬಸ್ಸಿನ ಗಾಲಿ ಆಕಾಶದಲ್ಲಿ ತಿರುಗುತ್ತಿತ್ತು. ಇವನ್ನೆಲ್ಲ ಹದ್ದುಬಸ್ತಿನಲ್ಲಿಡಲು ಮಾಡ್ ಮ್ಯಾನೇಜರ್ ಎಂಬ ಸಾಧನ ಬೇಕಾಯಿತು. ಸಿಕ್ಕಿದ್ದು ಎರಡು. ಒಂದು ಬಲು ಚುರುಕು: ಒಂದು ಗುಂಡಿ ಒತ್ತಿದರೆ ಮುಗಿಯಿತು, ಮಾಡ್ ಹೋಗಿ ಆಟದೊಳಗೇ ಕೂತುಬಿಡುತ್ತಿತ್ತು. ಇನ್ನೊಂದು ಎಮ್ಮೆಯ ನಡಿಗೆಯದು. ಒಂದೊಂದು ಮಾಡನ್ನೂ ಬೇರೆ ಬೇರೆ ಇಟ್ಟುಕೊಂಡು, ಸಾಲಾಗಿ ಹೆಸರು ತೋರಿಸಿ, ಯಾವುದು ಹಿಂದೆ ಯಾವುದು ಮುಂದೆ ಎಂದು ನಮ್ಮನ್ನೇ ಕೇಳುತ್ತಿತ್ತು.

ಗೌರೀಶ ಎರಡು ಮಶಿನ್ನಿಗೆ ಚುರುಕಿನದನ್ನೇ ಹಾಕಿದ. ಮೂಲೆಯದಕ್ಕೂ ಹಾಕಲು ಕೂತಾಗ ಮಾಲಾ ಅಕ್ಕೋರು ಬಂದರು.

“ಗೌರೀಶಣ್ಣಾ, ಇದಕ್ಕ ಬ್ಯಾಡ್ರಿ. ಅದು ಸುಣ್ಣ ಹಚ್ಚಿಧಂಗ. ಹಳೇದು ಕೆರದು ಹೊಸಾದು ಬಡೀತೈತಿ. ಕೆರದದ್ದು ತಿರಗಿ ಬರೂದಿಲ್ಲ.”

“ಮತ್ತ ಇನ್ನೊಂದು?”

“ಅದು ಕೌದಿ ಹಾಸಿಧಂಗ. ಒಂದರ ಮ್ಯಾಲ ಒಂದು. ಬ್ಯಾಡಾದ್ರ ಮ್ಯಾಲಿಂದು ತಗೀರಿ, ಕೆಳಗಿಂದು ಇದ್ಧಂಗ ಇರ್ತೈತಿ.”

ಶಂಕ್ರೆಪ್ಪ ಪಕ್ಕದಿಂದ ನಕ್ಕ. “ಕೌದಿ ಹಾಸೂದ್ರಾಗ ಬೆಳಗಾಗತೈತ್ರಿ ಅಕ್ಕೋರ. ನಾವು ಆಟಾ ಆಡಾಕ ಬಂದೇವಿ, ಮಲಗಾಕಲ್ಲ.”

ಗೌರೀಶನಿಗೂ ಪಿತ್ತ ಏರಿತು. “ನನ್ನ ಅಂಗಡ್ಯಾಗ ನನಗ ಬುದ್ಧಿ ಹೇಳ್ತೀರೇನು?” ಎಂದು ಒದರಿದ. ಅಕ್ಕೋರು ಮೂಲೆಯಲ್ಲಿ ಚಹಾ ಹೀರುತ್ತಿದ್ದ ಹಣಮಂತಪ್ಪನ ಕಡೆ ಒಮ್ಮೆ ನೋಡಿದರು, ಆಮೇಲೆ ಗೌರೀಶನ ಕಡೆ ನೋಡಿದರು. ಅಷ್ಟೇ. ಗೌರೀಶ ಗೊಣಗುತ್ತ ಆ ಒಂದು ಮಶಿನ್ನಿಗೆ ಕೌದಿ ಹಾಕಲು ಒಪ್ಪಿದ. ಅಂದಿನಿಂದ ಅಂಗಡಿಯಲ್ಲಿ ಎರಡು ಸಾಧನಗಳಿಗೂ ಅವೇ ಹೆಸರು ನಿಂತವು: ಸುಣ್ಣ, ಕೌದಿ.

ಅಕ್ಕೋರು ಮದುವೆಗೆಂದು ಕಿತ್ತೂರಿಗೆ ಹೋದಾಗ ಗೌರೀಶ ತಾನೇ ಕೂತು ಸಾಲು ಹಚ್ಚಿದ. ಮಾಡ್‌ಗಳ ಹೆಸರು ನೋಡಿದ. ಅದರಲ್ಲಿ ಹಿರಿಯರು ಯಾರು? ಹಣಮಂತಪ್ಪ. ಊಟದ ಪಂಕ್ತಿಯಲ್ಲಾಗಲಿ, ಹಂದರದಲ್ಲಾಗಲಿ ಮೊದಲ ಮಾನ ಯಾರದು? ಹಿರಿಯರದು. ಹಣಮಂತಪ್ಪನ ದನಿಯನ್ನು ಎಲ್ಲಕ್ಕಿಂತ ಮೊದಲು ಕೂರಿಸಿ, ಬಸ್ಸು, ಟ್ರ್ಯಾಕ್ಟರ್, ಗುಡ್ಡ, ಎಮ್ಮೆಗಳನ್ನು ಅವನ ಹಿಂದೆ ನಿಲ್ಲಿಸಿದ. ಆಟ ಚೆನ್ನಾಗಿಯೇ ನಡೆಯಿತು. ಒಂದು ಒಳ್ಳೆಯ ಕೆಲಸ ಮಾಡಿದೆ ಎಂದು ಅವನಿಗೆ ಹಿಗ್ಗಾಯಿತು.

ಅದರ ಮರುದಿನ ಶಂಕ್ರೆಪ್ಪ ಒಂದು ಹಾರ್ನಿನ ಸೀಡಿ ತಂದ. ಹಾಡುವ ಹಾರ್ನು, ಕುದುರೆಯಂತೆ ಕೆನೆಯುವ ಹಾರ್ನು, ಎಲ್ಲ ಇತ್ತು. ಗೌರೀಶ ಅದನ್ನು ಸಾಲಿನ ಕೊನೆಗೆ ಸೇರಿಸಿ, ಬಸ್ಸನ್ನು ಸ್ಟ್ಯಾಂಡಿಗೆ ತಂದು ನಿಲ್ಲಿಸಿದ.

ಯಾವಳೋ ಒಬ್ಬ ಪರದೇಶದ ಹೆಂಗಸು ಜೇನು ಸುರಿದಂಥ ದನಿಯಲ್ಲಿ ಏನೋ ಹೇಳಿದಳು. ಹಣಮಂತಪ್ಪ ಒದರಲಿಲ್ಲ.

ಇನ್ನೊಮ್ಮೆ ನಿಲ್ಲಿಸಿದ. ಅವಳೇ. ಮತ್ತೆ ನಿಲ್ಲಿಸಿದ. ಅವಳೇ. ದನಿಯ ಗುಂಡಿಯನ್ನು ತಿರುಗುವಷ್ಟೂ ತಿರುಗಿಸಿದ. ಅವಳು ಗಟ್ಟಿಯಾಗಿ ಹೇಳಿದಳು, ಅಷ್ಟೇ. ಗೌರೀಶನಿಗೆ ಸುಣ್ಣದ ಕತೆ ನೆನಪಾಯಿತು. ಹಿಂದಿನ ವಾರವಷ್ಟೇ ಸುಣ್ಣ ಹಾಕಿದ ಮಶಿನ್ನಿನಲ್ಲಿ ಒಂದು ಲಾರಿ ತೆಗೆಯಲು ಹೋಗಿ ಇಡೀ ಆಟವೇ ಸತ್ತು ಬಿದ್ದಿತ್ತು. ಎಲ್ಲ ಅಳಿಸಿ ಮೊದಲಿನಿಂದ ಹಾಕಬೇಕಾಗಿತ್ತು. ಆಟವನ್ನು ಸೀಡಿಯಿಂದ ಮತ್ತೆ ಹಾಕಬಹುದು. ಹಣಮಂತಪ್ಪನ ದನಿಯನ್ನು ಯಾವ ಸೀಡಿಯಿಂದ ತರುವುದು? ಇನ್ನೊಮ್ಮೆ ಒದರು ಅನ್ನಲು ಆ ಗಂಟಲಲ್ಲಿ ಏನು ಉಳಿದಿದೆ?

ಅವನು ಸಿಟ್ಟಿನಿಂದ ಟೇಬಲ್ ಗುದ್ದಿದ. “ಕೌದಿ ಅಂತ ಕೌದಿ! ಎಲ್ಲಾ ಹಾಳಾತು!” ಶಂಕ್ರೆಪ್ಪ ಮೆಲ್ಲಗೆ ಸೀಡಿ ಕಿಸೆಗೆ ಹಾಕಿಕೊಂಡು ಗೋಡೆಗೆ ಆತು ನಿಂತ. ಹೆದರಿಕೆಗೆ ಗೌರೀಶ ಮತ್ತೇನನ್ನೂ ಮುಟ್ಟಲಿಲ್ಲ. ಮುಟ್ಟಿದರೆ ಇನ್ನೇನು ಹೋದೀತೋ. ಅದೇ ಹೊತ್ತಿಗೆ ಬಿಸಿಲಿಗೆ ತಲೆಯ ಮೇಲೆ ಟವೆಲ್ ಹಾಕಿಕೊಂಡು ಹಣಮಂತಪ್ಪ ಒಳಗೆ ಬಂದ. ಅವನ ಬೆನ್ನಿಗೇ, ಕಿತ್ತೂರಿನ ಬಸ್ಸಿನಿಂದ ಇಳಿದ ಮಾಲಾ ಅಕ್ಕೋರು, ಕೈಯಲ್ಲಿ ಮದುವೆಯ ಬುಂದಿಲಾಡು ಪೊಟ್ಟಣ ಹಿಡಿದು ಬಂದರು.

“ಅಕ್ಕೋರ, ನಿಮ್ಮ ಮಾತು ಕೇಳಿ ಕೆಟ್ಟೆ!” ಗೌರೀಶ ಎರಗಿಯೇಬಿಟ್ಟ. “ಕಾಕಾನ ದನೀನs ನುಂಗೇತಿ ನಿಮ್ಮ ಕೌದಿ! ಯಾವಾಕಿನೋ ಮಾತಾಡಾಕತ್ತಾಳ!”

ಹಣಮಂತಪ್ಪ ನಿಂತಲ್ಲೇ ನಿಂತ. ಮುಖದ ಮೇಲಿನ ನಗು ಹಾಗೇ ಇತ್ತು. ಕೈ ಮಾತ್ರ ತಾನಾಗಿಯೇ ಗಂಟಲಿಗೆ ಹೋಯಿತು.

ಅಕ್ಕೋರು ಪೊಟ್ಟಣ ಕೆಳಗಿಟ್ಟು ಪರದೆ ನೋಡಿದರು. “ಕಾಕಾನ್ನ ಎಲ್ಲೆ ಕುಂದರಿಸೀರಿ?”

“ಎಲ್ಲೆ ಅಂದ್ರ? ಮೊದಲ! ಹಿರೇ ಮನಷ್ಯಾರು. ಮೊದಲ ಮಾನ ಅವರದು. ಈ ಶಂಕ್ರೆಪ್ಪನ ಹಾರ್ನ್ ಕಡೀಕ.”

ಅಕ್ಕೋರಿಗೆ ನಗು ತಡೆಯಲಾಗಲಿಲ್ಲ. “ಅಣ್ಣಾ, ಮೊದಲ ಹಾಸಿದ ಕೌದಿ ಎಲ್ಲಾದಕ್ಕೂ ಕೆಳಗ ಹೋಗತೈತಿಲ್ಲರಿ? ಕಡೀಕ ಹಾಸಿದ್ದs ಮ್ಯಾಲೆ ಕಾಣೂದು. ಶಂಕ್ರೆಪ್ಪಣ್ಣನ ಹಾರ್ನಿನ್ಯಾಗ ಆ ಹೆಣಮಗಳ ದನಿ ಸೈತ ಇತ್ತು, ಆಕಿ ಬಂದು ಮ್ಯಾಲೆ ಮಲಗ್ಯಾಳ. ಕಾಕಾ ಎಲ್ಲೂ ಹೋಗಿಲ್ಲ, ಕೆಳಗs ಅದಾರ. ಅವರನ್ನ ಕಡೀಕ ತರ್ರಿ.”

ಜೀವ ಬಂದ ಹಾಗಾಯಿತು. ಆದರೂ ಗೌರೀಶನ ಕೈ ಮುಂದೆ ಹೋಗಲಿಲ್ಲ. “ಹಿರೇರನ್ನ ಎಮ್ಮಿ ಹಿಂದ, ಹಾರ್ನ್ ಹಿಂದ ನಿಂದರಸಲೇನು? ಮಂದಿ ಏನಂದಾರು?”

ಹಣಮಂತಪ್ಪ ಅವನ ಹೆಗಲು ಹಿಡಿದು ಬಗ್ಗಿಸಿ, ಕಿವಿಯ ಹತ್ತಿರ ಬಂದ. “ಲೇ ಹುಚ್ಚಪ್ಪಾ, ನಾ ಯಾವತ್ತರೆ ಗಾಡ್ಯಾಗ ಮೊದಲ ಹತ್ತೇನೇನ? ಎಲ್ಲಾರನೂ ಹತ್ತಿಸಿ ಬಾಗಲಾ ಬಡಿಯಾಂವ ಏಜಂಟ. ಹಾಕು ಕಡೀಕ.”

ಗೌರೀಶ ಕಣ್ಣು ಒರೆಸಿಕೊಂಡನೋ ಬೆವರು ಒರೆಸಿಕೊಂಡನೋ, ಕೇಳುವ ಧೈರ್ಯ ಶಂಕ್ರೆಪ್ಪನಿಗೂ ಆಗಲಿಲ್ಲ. ಹೆಸರನ್ನು ಎಳೆದು ಕೊನೆಗೆ ಇಟ್ಟ. ಆಟ ಹಚ್ಚಿದ. ಕೆಂಪು ಬಸ್ಸು ಗುಡ್ಡ ಇಳಿದು, ಎಮ್ಮೆಯನ್ನು ತಪ್ಪಿಸಿ, ಸ್ಟ್ಯಾಂಡಿಗೆ ಬಂದು ನಿಂತಿತು. ದನಿಯ ಗುಂಡಿ ಕೊನೆಯವರೆಗೂ ತಿರುಗಿಸಿದ್ದು ಯಾರಿಗೂ ನೆನಪಿರಲಿಲ್ಲ.

“ಮುರಗೋಡ, ಯರಗಟ್ಟಿ, ರಾಮದುರ್ಗಾಆಆ! ಹತ್ರಿ ಹತ್ರಿ, ಹೊಂಟೇ ಬಿಟ್ಟೈತಿ!”

ಕಿಟಕಿಯ ಗಾಜು ಗಡಗಡ ಅಂದಿತು. ಪಕ್ಕದ ಚಹಾದಂಗಡಿಯವನು ಹೊರಗೆ ಬಂದು ನಿಂತ. ಸ್ಟ್ಯಾಂಡಿನಲ್ಲಿದ್ದ ಹಳೆಯ ಡ್ರೈವರ್‌ಗಳು ಒಬ್ಬರ ಮುಖ ಒಬ್ಬರು ನೋಡಿದರು. ಬುಟ್ಟಿ ಹೊತ್ತ ಹೆಂಗಸರಿಬ್ಬರು ಏದುಸಿರು ಬಿಡುತ್ತ ಅಂಗಡಿಯ ಬಾಗಿಲಿಗೇ ಬಂದರು.

“ಎಪ್ಪಾ, ಯರಗಟ್ಟಿ ಗಾಡಿ ಇದೇನ್ರಿ? ಎಲ್ಲೆ ಹತ್ತೂದು?”

ಹಣಮಂತಪ್ಪನೇ ಮುಂದೆ ಬಂದ. ಟವೆಲ್ ಜಾಡಿಸಿ ಹೆಗಲಿಗೆ ಹಾಕಿಕೊಂಡ. ಹಿರಿಯವಳ ಬುಟ್ಟಿಯನ್ನು ತಾನು ತೆಗೆದುಕೊಂಡು, ಬರ್ರಿ ಎಂದು ಕೈ ಮಾಡಿ, ಎದೆ ಸೆಟೆಸಿಕೊಂಡು ಗಾಡಿಯ ಕಡೆ ನಡೆದ. ಹೆಂಗಸರು ಅವನ ಹಿಂದೆ ನಡೆದರು.

ಗೌರೀಶ ಅವರು ಕಣ್ಮರೆಯಾಗುವ ತನಕ ನೋಡುತ್ತ ನಿಂತಿದ್ದ. ಅಕ್ಕೋರಿಗೆ ಹೇಳಬೇಕಾದದ್ದು ಬಹಳ ಇತ್ತು. ಒದರಿದ್ದಕ್ಕೆ ತಪ್ಪಾಯಿತು ಅನ್ನಬೇಕಿತ್ತು, ಇಷ್ಟು ವರ್ಷ ಕೈಹಿಡಿದು ನಡೆಸಿದ್ದಕ್ಕೆ ಇನ್ನೇನೋ ಅನ್ನಬೇಕಿತ್ತು. ಅಕ್ಕೋರು ಪೊಟ್ಟಣ ಬಿಚ್ಚಿ ಒಂದು ಲಾಡು ಅವನ ಕೈಯಲ್ಲಿಟ್ಟರು. ಅವನು ಅದನ್ನು ಹಿಡಿದುಕೊಂಡೇ, ನೆಲ ನೋಡುತ್ತ ಅಂದ:

“ಅಕ್ಕೋರ, ಉಳದ ಎರಡೂ ಮಶಿನ್ನಿಗೆ ಸೈತ ಕೌದೀನs ಹಾಕಿಕೊಡ್ರಿ. ಇವತ್ತs ಹಾಕ್ರಿ.”