ಕ್ಯಾರಿಯರ್ ಇಲ್ಲದ ಸೈಕಲ್ಲು

ಚಕ್ರವನ್ನು ಕಂಡುಹಿಡಿದ ದಿನದಿಂದ ಮನುಷ್ಯಕುಲ ಒಂದೇ ಸಮನೆ ಮುಂದಕ್ಕೆ ಉರುಳುತ್ತ ಬಂದಿದೆ. ನಾನು ಮಾತ್ರ ಚಿಕ್ಕೋಡಿಯ ವಾಚನಾಲಯದ ಕುರ್ಚಿಯಲ್ಲಿ ಹನ್ನೆರಡು ವರ್ಷ ಕದಲದೆ ಕೂತಿದ್ದೆ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಡಾಕ್ಟರರು ನನ್ನ ತೋಳಿಗೆ ಪಟ್ಟಿ ಕಟ್ಟಿ, ಗಾಳಿ ತುಂಬಿ, ಮುಖ ಗಂಟು ಹಾಕಿದರು. "ರಕ್ತದೊತ್ತಡ ಅಂಚಿಗಿ ಬಂದೈತ್ರಿ. ಮೂರು ತಿಂಗಳು ಮೈ ದಣಸ್ರಿ. ಇಲ್ಲಂದ್ರ ಗುಳಿಗಿ ಸುರು ಮಾಡೂನು. ಒಮ್ಮೆ ಸುರು ಆತಂದ್ರ ಕಡೀತನಕ."

ಗುಳಿಗೆಗೂ ನನಗೂ ಬಾಲ್ಯದಿಂದ ವೈರ. ಗಂಟಲಲ್ಲಿ ಅಡ್ಡ ಕೂತು ತಕರಾರು ತೆಗೆಯುವ ಜಾತಿ ಅದು. ಹಾಗಾಗಿ ಮರುದಿನ ಮುಂಜಾನೆಯೇ ನಡೆಯಲು ಹೊರಟೆ. ಹತ್ತು ಹೆಜ್ಜೆಗೊಬ್ಬರು "ಬರ್ರಿ ಸರ, ಚಾ ಕುಡ್ಯೂನು" ಎಂದರು. ಐದು ಕಪ್ ಚಹಾ ಕುಡಿದು, ಹೋದದ್ದಕ್ಕಿಂತ ಭಾರವಾಗಿ ಮನೆಗೆ ಬಂದೆ. ಕರೆದರೂ ನಿಲ್ಲದಂಥ ವ್ಯಾಯಾಮ ಬೇಕಾಗಿತ್ತು.

ವಾಚನಾಲಯಕ್ಕೆ ಬರುವ ಒಂದು ಮಾಸಪತ್ರಿಕೆಯಲ್ಲಿ ಚಿತ್ರವಿತ್ತು. ಹತ್ತಾರು ಸವಾರರು ಟಗರಿನ ಕೊಂಬಿನಂತೆ ಕೆಳಕ್ಕೆ ಸುರುಳಿಯಾದ ಹ್ಯಾಂಡಲ್ ಹಿಡಿದು, ತಲೆಗಿಂತ ಸೊಂಟ ಮೇಲೆ ಮಾಡಿಕೊಂಡು ಗುಡ್ಡ ಇಳಿಯುತ್ತಿದ್ದರು. ಇವರಿಗೆ ರಸ್ತೆ ಕಾಣುತ್ತದೆಯೇ? ಕಾಣದಿದ್ದರೆ ಬೀಳುವುದಿಲ್ಲವೇಕೆ? ಈ ಪ್ರಶ್ನೆ ತಲೆಯಲ್ಲಿ ಕೊರೆಯತೊಡಗಿತು. ರವಿವಾರ ನಿಪ್ಪಾಣಿಯ ಬಸ್ಸು ಹತ್ತಿದೆ.

ಅಲ್ಲಿನ ಸೈಕಲ್ ಅಂಗಡಿಯ ಚಾಚಾನಿಗೆ ಎಪ್ಪತ್ತರ ಹತ್ತಿರ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ ದೃಷ್ಟಿಯಲ್ಲಿ ಅನುಕಂಪವಿತ್ತು. ಮೂರು ಸೈಕಲ್ ತೋರಿಸಿದ. ಒಂದು ಕರಿಯದು, ಎರಡು ಮೂಟೆ ಜೋಳ ಹೊರುವಂಥದು. ಎತ್ತಿ ನೋಡಿದೆ, ಏಳಲಿಲ್ಲ. ಎರಡನೆಯದು ಗಿಯರಿನದು, ಬಣ್ಣದ ಪಟ್ಟಿ ಹಚ್ಚಿದ್ದು. ಅದರ ಬೆಲೆ ಕೇಳಿದ ಕೂಡಲೇ ನನ್ನ ರಕ್ತದೊತ್ತಡ ಅಂಚು ದಾಟಿತು. ಮೂರನೆಯದು ಕೊಲ್ಹಾಪುರದ ಕಾಲೇಜು ಹುಡುಗನೊಬ್ಬ ಮಾರಿಹೋದ ಹಳೆಯ ರೇಸಿನ ಸೈಕಲ್. ಟಗರುಗೊಂಬಿನ ಹ್ಯಾಂಡಲ್, ಹೆಬ್ಬೆರಳ ದಪ್ಪದ ಗಾಲಿ. ಬೆಲೆ ನನ್ನ ಅಳವಿನದು.

ಚಾಚಾ ನನ್ನನ್ನು ಅದರ ಅಡ್ಡದಂಡಿಯ ಆಚೀಚೆ ಕಾಲಿಡಿಸಿ ನಿಲ್ಲಿಸಿ, ದಂಡಿಗೂ ನನಗೂ ನಡುವೆ ಮೂರು ಬೆರಳು ಜಾಗ ಇದೆಯೆಂದು ಖಾತ್ರಿ ಮಾಡಿಕೊಂಡ. ಸೀಟಿನ ಮೇಲೆ ಕೂರಿಸಿ, ಹಿಮ್ಮಡಿ ಪೆಡಲಿಗೆ ತಾಕಿದಾಗ ಕಾಲು ನೆಟ್ಟಗಾಗುವಂತೆ ಸೀಟು ಏರಿಸಿದ. ಗಾಲಿಯನ್ನು ತಿರುಗಿಸಿ, ಬ್ರೇಕಿನ ರಬ್ಬರಿನ ಹತ್ತಿರ ಕಣ್ಣಿಟ್ಟು, ಅದು ಓಲಾಡುವುದಿಲ್ಲವೆಂದು ನನಗೂ ತೋರಿಸಿದ. ನನ್ನ ಮದುವೆಗೆ ಹೆಣ್ಣು ನೋಡುವಾಗಲೂ ಇಷ್ಟು ಕೂಲಂಕಷ ವಿಚಾರಣೆ ನಡೆದಿರಲಿಲ್ಲ.

"ಕ್ಯಾರಿಯರ್ ಎಲ್ಲೈತಿ ಚಾಚಾ?"

"ರೇಸಿನ ಸೈಕಲ್ ಸರ್. ಇದರ ಮ್ಯಾಲ ಮನಷ್ಯಾ ಅಷ್ಟ ಹೊಕ್ಕಾನ, ಸಾಮಾನ ಹೋಗಂಗಿಲ್ಲ."

"ಸ್ಟ್ಯಾಂಡು?"

"ನಿಲ್ಲಸಾಕ ಯಾಕ ತಗೋತೀರಿ? ಓಡಸಾಕ ತಗೋರಿ." ಆಮೇಲೆ ದೊಡ್ಡ ಮನಸ್ಸು ಮಾಡಿ, "ಒಂದ ವಾರ ಒಯ್ಯರಿ. ಮನಸಿಗಿ ಬಂದ್ರ ಇಟ್ಕೋರಿ, ಬರಲಿಲ್ಲಂದ್ರ ತಂದ ಕೊಡ್ರಿ" ಎಂದ.

ಸೈಕಲ್ಲು ಬಸ್ಸಿನ ಟಪ್ಪಿನ ಮೇಲೆ ಚಿಕ್ಕೋಡಿಗೆ ಬಂತು. ಅವ್ವ ಅದರ ಸುತ್ತ ಒಂದು ಸುತ್ತು ಬಂದು, "ಅರ್ಧಾ ಸೈಕಲ್ ತಂದೀಯಲ್ಲೋ, ಉಳಿದದ್ದು ಯಾವಾಗ ಕೊಡ್ತಾರ?" ಎಂದಳು.

ವಾರವೆಲ್ಲ ಓಣಿಯಲ್ಲಿ ಬೀಳುವುದನ್ನು ಅಭ್ಯಾಸ ಮಾಡಿ, ಮುಂದಿನ ಶನಿವಾರ ರಜೆ ಹಾಕಿ, ನಸುಕಿನಲ್ಲೇ ಏಕಸಂಬಿಗೆ ಹೊರಟೆ. ಅಲ್ಲಿ ನನ್ನ ತಂಗಿಯ ಮನೆ. ಅಷ್ಟು ದೂರ ಹೋಗಿಬರಲು ಆದರೆ ಸೈಕಲ್ ನನ್ನದು, ಆಗದಿದ್ದರೆ ಚಾಚಾನದು, ಗುಳಿಗೆ ನನ್ನದು ಎಂದು ಕರಾರು ಮಾಡಿಕೊಂಡಿದ್ದೆ.

ಊರು ದಾಟಿ ಹ್ಯಾಂಡಲ್ಲಿನ ಕೆಳಗಿನ ಸುರುಳಿ ಹಿಡಿದು ಬಗ್ಗಿದೆ. ಎದುರುಗಾಳಿ ಎದೆ ಬಿಟ್ಟು ಬೆನ್ನ ಮೇಲಿಂದ ಹರಿದುಹೋಯಿತು. ಎದ್ದೆ, ಗಾಳಿ ತಡೆಯಿತು. ಮತ್ತೆ ಬಗ್ಗಿದೆ, ದಾರಿ ಬಿಟ್ಟಿತು. ಆಹಾ! ರಸ್ತೆ ಹತ್ತು ಮಾರು ಮಾತ್ರ ಕಾಣುತ್ತದೆ, ಅಷ್ಟು ಸಾಕು. ಪತ್ರಿಕೆಯ ಪ್ರಶ್ನೆಗೆ ಉತ್ತರ ಸಿಕ್ಕಿತ್ತು.

ಇನ್ನೊಂದು ಸೋಜಿಗ: ಯಾರೂ ಚಹಾಕ್ಕೆ ಕರೆಯಲಿಲ್ಲ. ಕಬ್ಬಿನ ಚಕ್ಕಡಿಗಳು ತಾವಾಗಿ ಬದಿಗೆ ಸರಿದವು. ಮುದುಕರೊಬ್ಬರು ತಲೆಯ ಟೊಪ್ಪಿಗೆ ತೆಗೆದು ಎದೆಗೆ ಹಿಡಿದರು. ರೇಸಿನ ಸೈಕಲ್ಲಿಗೆ ಇಷ್ಟು ಮರ್ಯಾದೆ ಇದೆಯೆಂದು ಚಾಚಾ ಹೇಳಿರಲಿಲ್ಲ.

ತಂಗಿ ಅಂಗಳಕ್ಕೆ ನೀರು ಚಿಮುಕಿಸುತ್ತಿದ್ದಳು. ಸ್ಟ್ಯಾಂಡು ಇಲ್ಲದ್ದರಿಂದ ನಾನು ಸೈಕಲ್ ಹಿಡಿದುಕೊಂಡೇ ಬಾಗಿಲಲ್ಲಿ ನಿಂತೆ. ಮಾತಾಡಲು ಉಸಿರಿರಲಿಲ್ಲ. ಅವಳು ತಂಬಿಗೆ ತುಂಬ ನೀರು ತಂದಳು. ದಣಿದ ಕೂಡಲೇ ನೀರು ಕುಡಿಯಬಾರದೆಂದು ಎಲ್ಲೋ ಓದಿದ್ದೆ, ಬೇಡವೆಂದು ಕೈ ಆಡಿಸಿದೆ. ಅವಳ ಕೈಯ ತಂಬಿಗೆ ನೆಲಕ್ಕೆ ಬಿತ್ತು.

"ಯಣ್ಣಾ! ಅವ್ವ ಹೋದಳಾ!"

ಆಗ ಮನೆಮನೆಗೆ ಫೋನು ಇರಲಿಲ್ಲ. ನಮ್ಮ ಕಡೆ ಸಾವಿನ ಸುದ್ದಿ ಸೈಕಲ್ ಮೇಲೆಯೇ ಬರುತ್ತಿತ್ತು. ಸುದ್ದಿ ತರುವವನು ನಸುಕಿನಲ್ಲಿ ಬರುತ್ತಾನೆ, ದಾರಿಯಲ್ಲಿ ನಿಲ್ಲುವುದಿಲ್ಲ. ಕೈಯಲ್ಲಿ ಚೀಲವಿರುವುದಿಲ್ಲ. ಹೊಸ್ತಿಲು ದಾಟುವುದಿಲ್ಲ, ನೀರು ಮುಟ್ಟುವುದಿಲ್ಲ. ಇದೆಲ್ಲ ನನಗೆ ಗೊತ್ತಿಲ್ಲದ್ದಲ್ಲ, ಎರಡು ಸಲ ನಾನೇ ಹೋಗಿಬಂದವನು. ಒಂದೂ ತಪ್ಪದಂತೆ ಎಲ್ಲವನ್ನೂ ಪಾಲಿಸಿದ್ದೆ.

ಓಣಿ ಕೂಡಿತು. ನನಗೆ ಉಸಿರು ಮರಳಿ, "ಅವ್ವ ಮನ್ಯಾಗ ರೊಟ್ಟಿ ಬಡ್ಯಾಕತ್ತಾಳವಾ!" ಎಂದಾಗ ತಂಗಿ ಅಳು ಅರ್ಧಕ್ಕೆ ನಿಲ್ಲಿಸಿ, ಸೆರಗಿನಿಂದ ಮುಖ ಒರೆಸಿಕೊಂಡಳು.

"ಮತ್ತ ಹಂಗ ಬಗ್ಗಿ ಯಾಕ ಬಂದಿ?"

"ವ್ಯಾಯಾಮ."

"ಕೈಯಾಗ ನಾಕ ಬಾಳಿಹಣ್ಣರ ಬ್ಯಾಡೇನು, ತಂಗಿ ಮನಿಗಿ ಬರೂ ಮುಂದ?"

"ಕ್ಯಾರಿಯರ್ ಇಲ್ಲವಾ."

ಅಷ್ಟರಲ್ಲಿ ಅವಳ ಗಂಡ ಇನ್ನೊಂದು ಸುದ್ದಿ ಹೇಳಿದ. ಪಕ್ಕದ ಮನೆಯ ಹಾಲಿನವನು ಅಳು ಕೇಳಿದ್ದೇ ತಡ, ಅವ್ವನ ತಂಗಿ, ನಮ್ಮ ಚಿಗವ್ವನಿಗೆ ತಿಳಿಸಲು ಸೈಕಲ್ ಹತ್ತಿ ಸದಲಗಾ ದಾರಿ ಹಿಡಿದಿದ್ದ. ಇಂಥ ಕೆಲಸಕ್ಕೆ ಯಾರೂ ಹೇಳುವ ತನಕ ಕಾಯುವುದಿಲ್ಲ. ಚಿಗವ್ವನ ಹೃದಯ ನನ್ನದಕ್ಕಿಂತ ನಾಜೂಕು.

"ಅಂವ ಜೋರ ಹೊಡೀತಾನ್ರಿ, ನಿಮಗ ಸಿಗಂಗಿಲ್ಲ" ಎಂದ ತಂಗಿಯ ಗಂಡ.

ಬಗ್ಗಿದೆ. ಹನ್ನೆರಡು ವರ್ಷದ ಕುರ್ಚಿ ಒಳಗೆ ಅಳುತ್ತಿತ್ತು, ಗಾಲಿ ಮಾತ್ರ ಸಿಳ್ಳೆ ಹಾಕುತ್ತಿತ್ತು. ಎರಡೂ ಕಡೆ ಕಬ್ಬು ಹಸಿರು ಗೆರೆಯಾಗಿ ಹಿಂದೆ ಹೋಯಿತು. ಸದಲಗಾದ ಮೊದಲ ಮನೆಗಳು ಕಾಣುವ ಹೊತ್ತಿಗೆ ಅವನ ಕ್ಯಾನಿನ ಸದ್ದು ಕೇಳಿತು. ಕೂಗಲು ಉಸಿರಿಲ್ಲ. ಅವನೇ ತಿರುಗಿ ನೋಡಿ, ಬಗ್ಗಿ ಬರುತ್ತಿರುವ ನನ್ನನ್ನು ಕಂಡು, ಗಕ್ಕನೆ ಇಳಿದು ನಿಂತ. ಹೆಗಲ ಟವೆಲ್ ಬಾಯಿಗೆ ಹಿಡಿದು ಕೇಳಿದ:

"ಮತ್ತ್ಯಾರು ಹೋದರ್ರಿ ಸರ?"

ಸಂಜೆ ಎಲ್ಲವನ್ನೂ ಅವ್ವನಿಗೆ ಹೇಳಿದೆ. ಗಂಭೀರವಾಗಿ ಕೇಳಿಸಿಕೊಂಡಳು. "ಅಳಿಯ ಅತ್ತನೇನು?" ಎಂದಳು.

"ಅಳೂ ತಯಾರಿಯೊಳಗ ಇದ್ದ."

"ಅಂದ್ರ ಅಳಲಿಲ್ಲ," ಎಂದು ರೊಟ್ಟಿಯ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.

ಮರುದಿನ ನಿಪ್ಪಾಣಿಗೆ ಹೋಗಿ ಅದೇ ಸೈಕಲ್ಲನ್ನು ಕೊಂಡೆ. ಚಾಚಾ ಮುಖ ತಿರುಗಿಸಿಕೊಂಡು ಅದಕ್ಕೊಂದು ಕ್ಯಾರಿಯರ್ ಹಾಕಿಕೊಟ್ಟ. ಪ್ರತಿ ರವಿವಾರ ಬಾಳೆಹಣ್ಣಿನ ಚೀಲ ಕಟ್ಟಿಕೊಂಡು ಏಕಸಂಬಿಗೆ ಹೋಗಿಬಂದೆ. ಮೂರು ತಿಂಗಳ ಮೇಲೆ ಡಾಕ್ಟರರು ಪಟ್ಟಿ ಕಟ್ಟಿ ನೋಡಿದರು. ಗುಳಿಗೆ ಬರೆಯಲಿಲ್ಲ.