ಗಿರಣಿ ಬಸವಣ್ಣೆಪ್ಪನವರ ಜಾತಿ ಕೋಳಿ

ಬಸವಣ್ಣೆಪ್ಪನವರನ್ನು ನಾನು ಮೊದಲ ಸಲ ನೋಡಿದಾಗ ಅವರು ಕೋಳಿಯ ಬೆನ್ನು ಊದುತ್ತಿದ್ದರು. ಗಿರಣಿಯ ಮುಂದೆ ಜೋಳದ ಡಬ್ಬಿ ಇಟ್ಟುಕೊಂಡು ಹೆಂಗಸರು ಸಾಲಾಗಿ ನಿಂತಿದ್ದರು. ಒಳಗೆ ಯಂತ್ರದ ಪಟ್ಟಾ ಪಟಪಟನೆ ಹೊಡೆದುಕೊಳ್ಳುತ್ತಿತ್ತು. ಮಾಲೀಕರು ಮಾತ್ರ ಹಿತ್ತಲ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು, ಕಂಕುಳಲ್ಲಿ ಹಿಡಿದ ಕೋಳಿಯ ಗರಿಗಳನ್ನು ಉಫ್ ಉಫ್ ಎಂದು ಊದಿ, ಎರಡು ಬೆರಳಲ್ಲಿ ಬಿಡಿಸಿ, ಬುಡದಲ್ಲಿ ಏನನ್ನೋ ಹುಡುಕುತ್ತಿದ್ದರು. ಹುಬ್ಬು, ಮೀಸೆ, ಕಿವಿಯ ಕೂದಲು, ಎಲ್ಲದರ ಮೇಲೂ ಹಿಟ್ಟು. ಸಾಲಿನಲ್ಲಿದ್ದ ಮುದುಕಿಯೊಬ್ಬಳು, "ಬಸಣ್ಣಾ, ಕೋಳಿ ಆಮ್ಯಾಲೆ ಊದುವಂತಿ, ನನ್ನ ಜ್ವಾಳ ನುಚ್ಚ ಆಗಾಕತ್ತಾವು ನೋಡೋ" ಎಂದು ಕೂಗಿದಳು. ಅವರು ತಲೆ ಎತ್ತಲಿಲ್ಲ.

ಗುಡಗೇರಿಯ ಹೈಸ್ಕೂಲಿಗೆ ಕನ್ನಡ ಕಲಿಸಲು ಹೋದವಳು ನಾನು. ಬಾಡಿಗೆ ಮನೆ ಸಿಕ್ಕಿದ್ದು ಊರ ಹೊರಗಿನ ಹೊಸ ಪ್ಲಾಟಿನಲ್ಲಿ, ಗಿರಣಿಯ ಎದುರಿಗೆ. ಗಿರಣಿಯ ಹಿಂದೆಯೇ ಬಸವಣ್ಣೆಪ್ಪನವರ ಮನೆ, ಮನೆಯ ಹಿಂದೆ ಹಿತ್ತಲು, ಹಿತ್ತಲಲ್ಲಿ ಕೋಳಿ. ಗಿರಣಿಯ ಸದ್ದಿನಲ್ಲಿ ಬದುಕಿದ ಮನುಷ್ಯ, ಕಿವಿ ಅರ್ಧ ಹೋಗಿತ್ತು. ಗುಟ್ಟು ಹೇಳಿದರೂ ಓಣಿಯ ಆ ತುದಿಗೆ ಕೇಳುತ್ತಿತ್ತು. ಹೆಂಡತಿ ಗಿರಿಜಕ್ಕನ ಜೊತೆ ಅವರಾಡುವ ಸಂಸಾರದ ಮಾತೆಲ್ಲ ನಮಗೆ ಪುಕ್ಕಟೆ ಮನರಂಜನೆಯಾಗಿತ್ತು.

ಲಿಂಗ ಕಟ್ಟಿಕೊಂಡ ಮನೆತನ. ಮೊಟ್ಟೆ ಹೊಸ್ತಿಲು ದಾಟುವಂತಿರಲಿಲ್ಲ. ಹಿತ್ತಲಿಂದ ಬಂದ ಗಂಡ ಸ್ನಾನ ಮಾಡದೆ ಅಡಿಗೆ ಮನೆಯತ್ತ ಹಣಿಕಿ ಹಾಕುವಂತಿರಲಿಲ್ಲ. ಬೀಗರು ಬಿಜ್ಜರು, "ತಿನ್ನಾವಲ್ಲ, ಮಾರಾವಲ್ಲ, ಮತ್ಯಾಕ ಬೇಕೋ ಇದು?" ಎಂದು ಬೈದದ್ದಕ್ಕೆ ಅವರ ಉತ್ತರ ಒಂದೇ: "ತಿನ್ನಾಕ ಸಾಕಿದ್ರ ನಂದು ತಪ್ಪು. ನೋಡಾಕ ಸಾಕಿದ್ರ ಏನು ತಪ್ಪು?"

ನೋಡಲಿಕ್ಕೆ ಅವು ಚಂದವಿದ್ದವು, ಸುಳ್ಳೇಕೆ ಹೇಳಲಿ. ಕುರಿಮರಿಯಷ್ಟು ದಪ್ಪ, ಅಗಲ ಬೆನ್ನು, ಪಾದದ ಬೆರಳಿನ ತನಕ ಇಳಿದ ಪುಕ್ಕ. ನಡೆದರೆ ಪಾಯಜಾಮ ತೊಟ್ಟ ಯಜಮಾನರು ಸಂತೆಗೆ ಹೊರಟಂತೆ ಕಾಣುತ್ತಿತ್ತು. ಬಣ್ಣ ಮಾತ್ರ ಬಾಯಲ್ಲಿ ಹೇಳುವುದು ಕಷ್ಟ. ವಿಭೂತಿ ಗಟ್ಟಿಗೆ ನೀರು ತಾಗಿದಾಗ ಬೆಳ್ಳಗಿದ್ದದ್ದು ಕಪ್ಪಿಟ್ಟು ಬೂದಿಯಾಗುತ್ತದಲ್ಲ, ಆ ಬಣ್ಣ. ಅವರು ಅದನ್ನು "ಇಭೂತಿ ಕೋಳಿ" ಎಂದೇ ಕರೆಯುತ್ತಿದ್ದರು. "ಹಣಿ ಮ್ಯಾಲಿಂದರ ಹೆಸರು ಒಯ್ದು ಕೋಳಿ ಕುಂಡಿಗೆ ಇಡತೀರಲ್ಲ, ನಾಚಿಕಿ ಬರೂದಿಲ್ಲೇನು?" ಎಂದು ಗಿರಿಜಕ್ಕ ದಿನಾ ಬೆಳಿಗ್ಗೆ ಕೇಳುತ್ತಿದ್ದರು. ಬರುತ್ತಿರಲಿಲ್ಲ.

ಅವರ ಆಸೆ ದೊಡ್ಡದೇನಲ್ಲ. ಒಂದು ಕಾವಿನಲ್ಲಿ ಹುಟ್ಟಿದ ಮರಿಗಳೆಲ್ಲ ಆ ಒಂದೇ ಬಣ್ಣದವು ಆಗಬೇಕು. ಆಗುತ್ತಿರಲಿಲ್ಲ. ಬೂದಿ ಬಣ್ಣದ ಹುಂಜ, ಬೂದಿ ಬಣ್ಣದ ಕೋಳಿ, ಹುಟ್ಟಿದ ಮರಿಗಳಲ್ಲಿ ಕೆಲವು ಬೂದಿ, ಕೆಲವು ಕಪ್ಪು, ಕೆಲವು ಮಸಿ ಚಿಮುಕಿಸಿದ ಬಿಳಿ. "ಹಳೇ ರಕ್ತರಿ ಅಕ್ಕೋರ, ತೊಳೀಬೇಕು. ಕಲಿ ಹತ್ತಿದ ಅರಿವಿ ಒಂದ ಸಲಕ್ಕ ಬೆಳ್ಳಗ ಆಗತೈತೇನು?" ಎನ್ನುತ್ತಿದ್ದರು. ಊದಿ ನೋಡುವುದು ಅದಕ್ಕೇ. ಮೇಲಿನ ಬಣ್ಣ ಬಿಸಿಲಿಗೆ ಬದಲಾಗುತ್ತದಂತೆ, ಗರಿಯ ಬುಡ ಸುಳ್ಳು ಹೇಳುವುದಿಲ್ಲವಂತೆ. ಬುಡ ನೋಡಿ, ಬೆನ್ನು ನೋಡಿ, ಕಾಲಿನ ಪುಕ್ಕ ನೋಡಿ ಒಳ್ಳೆಯವನ್ನಷ್ಟೇ ಇಟ್ಟುಕೊಳ್ಳುವುದು, ಮತ್ತೆ ಕಾವಿಗೆ ಕೂರಿಸುವುದು. ವರ್ಷಗಟ್ಟಲೆ ಇದೇ.

ಹಾಗಾದರೆ ಉಳಿದವು? ಅವು ಗೋಡೆ ದಾಟುತ್ತಿದ್ದವು. ಗೋಡೆಯ ಆಚೆ ಲೈನ್‌ಮನ್ ದುರಗಪ್ಪನವರ ಮನೆ. ಕೇರಿ ಬಿಟ್ಟು ಬಂದ ಬೌದ್ಧ ಕುಟುಂಬ. ಪಡಸಾಲೆಯಲ್ಲಿ ಬುದ್ಧನ ಫೋಟೊ, ಅದರ ಕೆಳಗೆ ದುರಗಪ್ಪನವರ ಟೂಲ್ ಚೀಲ. ಹಳೆಯ ಊರಿನೊಳಗೆ ಇಂಥ ಎರಡು ಮನೆ ಒಂದೇ ಗೋಡೆಗೆ ಆತುಕೊಂಡು ಇರುತ್ತಿದ್ದವೋ ಇಲ್ಲವೋ. ಪ್ಲಾಟಿನಲ್ಲಿ ಯಾರು ಮೊದಲು ಬಂದರೋ ಅವರಿಗೆ ಸಿಕ್ಕಿದ್ದು. ಗಿರಣಿಗೆ ಕರೆಂಟು ಬೇಕು, ಕರೆಂಟಿಗೆ ದುರಗಪ್ಪ ಬೇಕು, ಅಲ್ಲಿಂದ ಶುರುವಾದ ಸ್ನೇಹ ಕೊನೆಗೆ ಗಿರಣಿಯನ್ನೂ ಕರೆಂಟನ್ನೂ ಮೀರಿ ಬೆಳೆದಿತ್ತು. ಮೊದಲ ಜೋಡಿ ಕೋಳಿ ತಂದುಕೊಟ್ಟವರೂ ಅವರೇ. ಕಲಘಟಗಿಯ ಹತ್ತಿರ ತಂಬೂರದ ತೋಟವೊಂದರಲ್ಲಿ ನೋಡಿ, ಬಸಣ್ಣನಿಗೆ ಸೇರುತ್ತದೆ ಎಂದು ಬುಟ್ಟಿಯಲ್ಲಿಟ್ಟು, ಬೈಕಿನ ಹಿಂದೆ ಕಟ್ಟಿಕೊಂಡು ಬಂದಿದ್ದರು.

ಗೋಡೆ ದಾಟಿಸಿದ ಮೇಲೆ ಆ ಮರಿ ಏನಾಯಿತು ಎಂದು ಬಸವಣ್ಣೆಪ್ಪನವರು ಕೇಳುತ್ತಿರಲಿಲ್ಲ. ದುರಗಪ್ಪನವರು ಹೇಳುತ್ತಲೂ ಇರಲಿಲ್ಲ. ಸಂಜೆ ಗಿರಣಿಯ ಕಟ್ಟೆಯಲ್ಲಿ ಚಹಾ ಕುಡಿಯುವಾಗ ಮಾತ್ರ ಚುಚ್ಚುತ್ತಿದ್ದರು: "ಬಸಣ್ಣಾ, ಪುಣ್ಯಾ ನಿನ್ನ ಹಿತ್ತಲದಾಗ, ಪಾಪಾ ನಮ್ಮ ಸಾರಿನ್ಯಾಗ. ಅಗದಿ ಚೊಲೋ ಪಾಲು ಮಾಡೀದಿ." ಬಸವಣ್ಣೆಪ್ಪನವರು ಹಿಟ್ಟು ಉದುರುವಂತೆ ನಗುತ್ತಿದ್ದರು. ಎಲ್ಲರೂ ನಗುತ್ತಿದ್ದೆವು.

ಆ ವರ್ಷ ಅವರು ಹಟಕ್ಕೆ ಬಿದ್ದರು. ಬುಡದ ತನಕ ಬೂದಿಯಾದ ಒಂದು ಜೋಡಿ ಆರಿಸಿ, ಹಿತ್ತಲ ಮೂಲೆಯಲ್ಲಿ ಬೇರೆ ಗೂಡು ಕಟ್ಟಿಸಿ, ತಂತಿ ಬಲೆ ಬಿಗಿದು, ಬೀಗ ಹಾಕಿದರು. ಬೀಗದ ಕೈ ಉಡದಾರದಲ್ಲಿ. ಕೋಳಿ ಕಾವಿಗೆ ಕೂತಾಗ ಗಿರಣಿಯಲ್ಲಿ ಖಾರ ಕುಟ್ಟುವುದನ್ನೂ ನಿಲ್ಲಿಸಿದರು, ಘಾಟು ತಾಗೀತು ಎಂದು. "ಈ ಸಲ ಎಲ್ಲಾ ಇಭೂತಿನ ರೀ" ಎಂದು ನನ್ನ ಕಿವಿಯಲ್ಲಿ ಹೇಳಿದ್ದು ರೈಲ್ವೆ ಸ್ಟೇಶನ್ನಿಗೂ ಕೇಳಿಸಿರಬೇಕು.

ಮರಿ ಒಡೆದ ದಿನ ಬೆಳಿಗ್ಗೆ ನಾನು ಅಂಗಳಕ್ಕೆ ನೀರು ಹಾಕುತ್ತಿದ್ದೆ. ಗಿರಿಜಕ್ಕ ಆಮೇಲೆ ಹೇಳಿದಂತೆ, ಗೂಡಿನಲ್ಲಿ ಬೂದಿ ಮರಿಗಳ ನಡುವೆ ಮತ್ತೆ ಕಪ್ಪು ಮರಿಗಳಿದ್ದವು. ಅವರು ಅವನ್ನು ನೋಡುತ್ತ ನಿಂತ ಹೊತ್ತಿಗೇ ಗೋಡೆಯ ಮೇಲೆ ದುರಗಪ್ಪನವರ ಮನೆಯ ಕರಿ ಹುಂಜ ಹತ್ತಿ ಕೂಗಿತು. ಆ ಹಾಳು ಹುಂಜಕ್ಕೆ ಬೇರೆ ಹೊತ್ತು ಸಿಗಲಿಲ್ಲ. ಬಸವಣ್ಣೆಪ್ಪನವರು ಕಪ್ಪು ಮರಿಯೊಂದನ್ನು ಮುಷ್ಟಿಯಲ್ಲಿ ಹಿಡಿದು ರಸ್ತೆಗೇ ಬಂದುಬಿಟ್ಟರು. ಹಲ್ಲುಜ್ಜುವವರು, ಹಾಲಿಗೆ ಹೊರಟವರು, ಗಿರಣಿಗೆ ಬಂದವರು, ಎಲ್ಲರೂ ಇದ್ದರು.

"ಲೇ ದುರಗ್ಯಾ! ನಿನ್ನ ಹುಂಜ ಬಂದು ನನ್ನ ಕೋಳಿ ಜಾತಿ ಕೆಡಸೈತಿ ನೋಡಲೇ! ಜಾತಿ ಇಲ್ಲದ್ದು ಬಂದು ಜಾತಿ ಇದ್ದದ್ದರಾಗ ಕೂಡಿದ್ರ ಹಿಂಗ ಆಗೂದು!"

ಗಿರಣಿಯ ದನಿ. ಓಣಿ ತುಂಬ ಕೇಳಿತು. ದುರಗಪ್ಪಾ, ದೋಸ್ತಾ ಎನ್ನುತ್ತಿದ್ದ ಬಾಯಿ ಅವತ್ತು ದುರಗ್ಯಾ ಎಂದಿತ್ತು.

ದುರಗಪ್ಪನವರು ಡ್ಯೂಟಿಯ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಹೊರಬಂದರು. ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಹುಂಜವನ್ನು ಹಿಡಿದು ತಂದು, ಕಾಲು ಮೇಲೆ ಮಾಡಿ ತೋರಿಸಿದರು. ಕಪ್ಪು ಕಾಲಿನ ಮೇಲೆ ಬೆರಳಿನ ತನಕ ಪುಕ್ಕ.

"ಇದರ ಕಾಲು ನೋಡ್ರಿ ಮಾಲಕರ. ಇದು ನೀವ ಗ್ವಾಡಿ ದಾಟಿಸಿ ಕೊಟ್ಟ ಮರಿ. ಕೊಯ್ಯಾಕ ಮನಸ ಬರಲಿಲ್ಲ, ಚಂದ ಐತಂತ ಇಟಗೊಂಡ್ವಿ. ಹುಟ್ಟಿದ್ದು ನಿಮ್ಮ ಹಿತ್ತಲದಾಗ, ಜಾತಿ ಕಳಕೊಂಡಿದ್ದು ನಮ್ಮ ಮನ್ಯಾಗ."

ಬಸಣ್ಣ ಹೋಗಿ ಮಾಲಕರು ಆಗಿದ್ದರು. ಅವತ್ತೇ ಸಂಜೆ ಆಚೆ ಕಡೆಯಿಂದ ಗೋಡೆಯ ಮೇಲೆ ಆಳೆತ್ತರ ತಗಡು ಬಂತು.

ಆಮೇಲೆ ನಾನು ಕಂಡ ಬಸವಣ್ಣೆಪ್ಪನವರು ಬೇರೆಯೇ ಮನುಷ್ಯ. ಹಿಟ್ಟು ಬೀಸಿಸಲು ಬಂದವರಿಗೆಲ್ಲ ಹೇಳುತ್ತಿದ್ದರು, "ನಾ ಕೋಳಿಗೆ ಅಂದದ್ದರಿ." ಕೇಳಿದವರಿಗೂ ಕೇಳದವರಿಗೂ. ಕೆಲವರು "ಹೌದ್ಹೌದು, ನೀವು ಅಂದದ್ದರಾಗ ಏನು ತಪ್ಪೈತಿ" ಎಂದು ಕಣ್ಣು ಮಿಟುಕಿಸುತ್ತಿದ್ದರು. ಅಂಥವರನ್ನು ಕಂಡರೆ ಅವರಿಗೆ ಮೈ ಉರಿಯುತ್ತಿತ್ತು, ಬೈಯಲಿಕ್ಕೆ ಮಾತ್ರ ಬಾಯಿ ಬರುತ್ತಿರಲಿಲ್ಲ. ತಾವು ಅಂದ ಮಾತನ್ನೇ ಅವರೂ ಅನ್ನುತ್ತಿದ್ದರಲ್ಲ.

ಒಂದು ದಿನ ನನ್ನನ್ನು ಕರೆದು, ತಂಬೂರದ ತೋಟದವರಿಗೆ ಫೋನು ಹಚ್ಚಿಕೊಡಲು ಹೇಳಿದರು. ಕಿವಿ ಕೇಳದ್ದಕ್ಕೆ ಸ್ಪೀಕರ್ ಹಾಕಿದೆ. ಆ ಮನುಷ್ಯ ನಕ್ಕುಬಿಟ್ಟ. "ಬೂದಿಗೆ ಬೂದಿ ಕೂಡಿಸಿದ್ರ ಕರೀವು ಬರೂವರಿ, ಬಿಳೀವೂ ಬರೂವು. ಆ ಬಣ್ಣ ನಿಲ್ಲೂದಿಲ್ಲ. ಅದರ ಗುಣಾನ ಹಂಗ. ನೂರ ವರ್ಷ ಸಾಕ್ರಿ, ನಿಲ್ಲೂದಿಲ್ಲ. ನಿಮಗ ಯಾರೂ ಹೇಳಿದ್ದಿಲ್ಲೇನು?" ಯಾರೂ ಹೇಳಿರಲಿಲ್ಲ. ಅವರು ಕೇಳಿಯೂ ಇರಲಿಲ್ಲ. ಹುಂಜ ಬಂದೇ ಇರಲಿಲ್ಲ, ಬೀಗ ಹಾಕಿದ ಗೂಡಿಗೆ ಅದು ಬರುವುದಾದರೂ ಹೇಗೆ? ಫೋನು ಇಟ್ಟ ಮೇಲೆ ಬಸವಣ್ಣೆಪ್ಪನವರು ಗಿರಣಿಯ ಗುಂಡಿ ಒತ್ತಿ, ಕಾಳೇ ಹಾಕದೆ ಕಲ್ಲು ತಿರುಗಲು ಬಿಟ್ಟು ನಿಂತರು. ಗಿರಿಜಕ್ಕ ಓಡಿಬಂದು ನಿಲ್ಲಿಸಿದರು.

ಮರುದಿನ ಅತಿ ಚೆಂದದ ಬೂದಿ ಜೋಡಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ದುರಗಪ್ಪನವರ ಗೇಟಿಗೆ ಹೋದರು. ಹೋಗುವ ಮುಂಚೆ ಸ್ನಾನ ಮಾಡಿ, ವಿಭೂತಿ ಧರಿಸಿ, ತೊಳೆದ ಧೋತರ ಉಟ್ಟಿದ್ದರು. ದುರಗಪ್ಪನವರು ಗೇಟು ತೆರೆದರು, ಕುರ್ಚಿ ಹಾಕಿದರು, "ಬರ್ರಿ ಮಾಲಕರ, ಕುಂದರ್ರಿ" ಎಂದರು. ಬುಟ್ಟಿಯನ್ನು ಮಾತ್ರ ಮುಟ್ಟಲಿಲ್ಲ. "ಬ್ಯಾಡ್ರಿ. ಜಾತಿ ಕೋಳಿ ಇಡಾಕ ನಮ್ಮಲ್ಲಿ ಜಾಗಾ ಇಲ್ರಿ." ತಗ್ಗಿದ ದನಿ, ಆದರೆ ಎದುರು ಮನೆಯ ನನಗೂ ಕೇಳಿತು. ಬಸವಣ್ಣೆಪ್ಪನವರು ಬುಟ್ಟಿ ಹೊತ್ತು ವಾಪಸು ಬಂದರು. ಗಿರಣಿಯ ಫ್ಯೂಜು ಹೋದಾಗ ದುರಗಪ್ಪನವರು ಈಗಲೂ ಬರುತ್ತಿದ್ದರು. "ಕಂಪ್ಲೇಂಟ್ ಕೊಟ್ಟಿದ್ರೀ?" ಎಂದು ಕೇಳಿ, ಕೆಲಸ ಮುಗಿಸಿ, ಚಹಾ ಎಂದರೆ "ಡ್ಯೂಟಿ ಮ್ಯಾಲಿದೀನ್ರಿ" ಎಂದು ಹೊರಡುತ್ತಿದ್ದರು.

ನನಗೆ ಸುಮ್ಮನಿರಲಾಗಲಿಲ್ಲ. ಮಾಸ್ತರಿಕೆಯ ಚಟ, ಎಲ್ಲರ ತಪ್ಪನ್ನೂ ತಿದ್ದಬಹುದು ಎಂಬ ಭ್ರಮೆ. ದುರಗಪ್ಪನವರ ಹೆಂಡತಿ ರೇಣುಕಾ ಹತ್ತಿರ ಹೋಗಿ, ಅವರು ಕೋಳಿಗೆ ಅಂದದ್ದು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದೆ. ಆಕೆ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಕೋಳಿಗೆ ಅಂದ್ರು ಅನ್ನೂದು ನಮಗೂ ಗೊತ್ತೈತ್ರಿ ಅಕ್ಕೋರ. ಆದ್ರ ಅವರು ಹಂಗ ಅಂದಾಗ ಓಣಿ ಮಂದಿ ಕೋಳಿ ಮಕ ನೋಡಲಿಲ್ರಿ. ನಮ್ಮವರ ಮಕ ನೋಡಿದ್ರು."

ಯೋಚಿಸಿದರೆ, ನಾನೂ ಆಗ ನೋಡಿದ್ದು ಅವರ ಮುಖವನ್ನೇ.

ಹಿತ್ತಲು ಕೆಡಲು ಶುರುವಾದದ್ದು ಅಲ್ಲಿಂದ. ಬೇಡವಾದ ಮರಿಗಳು ಈಗ ಗೋಡೆ ದಾಟುವಂತಿರಲಿಲ್ಲ. ಕೊಯ್ಯುವ ಮನೆತನವಲ್ಲ, ಸಂತೆಗೆ ಒಯ್ದು ಕೊಯ್ಯುವವರ ಕೈಗೆ ಕೊಡಲು ಮನಸ್ಸಿಲ್ಲ. ಕಪ್ಪು ಮರಿಗಳು ಬೆಳೆದವು, ಚುಕ್ಕೆಯವು ಬೆಳೆದವು, ಹುಂಜಗಳಾದವು, ಒಂದರ ನೆತ್ತಿ ಒಂದು ಕುಕ್ಕಿ ರಕ್ತ ಮಾಡಿಕೊಂಡವು. ಯಾವುದನ್ನು ಯಾವುದರ ಜೊತೆ ಬಿಡಬೇಕು ಎಂಬ ಲೆಕ್ಕ ತಪ್ಪಿತು. ಬಸವಣ್ಣೆಪ್ಪನವರು ಬಾಗಿಲಲ್ಲಿ ಕೂತು ನೋಡುತ್ತಿದ್ದರು. ಊದಿ ನೋಡುವುದನ್ನು ಬಿಟ್ಟಿದ್ದರು. ತಾವೇ ಆರಿಸಿ ಆರಿಸಿ ಕಟ್ಟಿದ ಹಿಂಡು ಕಣ್ಣ ಮುಂದೆ ಕಲಸಿಹೋಗುತ್ತಿದ್ದರೆ ಹಿಡಿಯಲು ಅವರಿಗೆ ಕೈಯೇ ಇರಲಿಲ್ಲ. ಬೇಡವಾದವನ್ನು ತೆಗೆದುಕೊಳ್ಳುತ್ತಿದ್ದ ಆ ಕೈ ಗೋಡೆಯ ಆಚೆ ಇತ್ತು ಎಂಬುದು ನನಗೂ ಆಗಲೇ ತಿಳಿದದ್ದು.

ನನಗೆ ಅಣ್ಣಿಗೇರಿಗೆ ವರ್ಗವಾಯಿತು. ಮುಂದೆ ಒಂದು ವರ್ಷ ಕಳೆಯುವುದರೊಳಗೆ ಬಸವಣ್ಣೆಪ್ಪನವರು ತೀರಿಕೊಂಡ ಸುದ್ದಿ ಬಂತು. ದುರಗಪ್ಪನವರು ಮಣ್ಣಿಗೆ ಬಂದಿದ್ದರಂತೆ, ಎಲ್ಲರ ಹಿಂದೆ ನಿಂತು ಹೋದರಂತೆ. ಹಾಗಾಗಿ, ವರ್ಗವಾದಾಗ ಸಾಮಾನು ಕಟ್ಟಿ ಹೇಳಿಹೋಗಲು ಗಿರಣಿಗೆ ಹೋದದ್ದೇ ನಮ್ಮ ಕೊನೆಯ ಭೇಟಿ. ಕರೆಂಟು ಇರಲಿಲ್ಲ. ಗಿರಿಜಕ್ಕ ಅರಿಶಿನ ಕುಂಕುಮ ತರಲು ಒಳಗೆ ಹೋದರು. ಬಸವಣ್ಣೆಪ್ಪನವರು ಕೇಳಿದರು:

"ಅಕ್ಕೋರ, ನೀವು ಕನ್ನಡ ಕಲಸಾವರು. ಕೋಳಿಗೆ ಜಾತಿ ಅನ್ನೂದು ಬಿಟ್ಟು ಬ್ಯಾರೆ ಶಬ್ದ ಏನರ ಐತೇನ್ರಿ?"

"ಐತ್ರಿ. ತಳಿ ಅಂತಾರ. ಪುಸ್ತಕದಾಗ ಹಂಗ ಬರೀತಾರ."

"ತಳಿ" ಎಂದರು. ಇನ್ನೊಮ್ಮೆ ಅಂದು ನೋಡಿದರು. ಆಮೇಲೆ ಇಡೀ ಮಾತನ್ನು ನಿಧಾನವಾಗಿ ಜೋಡಿಸಿದರು: "ನಿನ್ನ ಹುಂಜ ಬಂದು ನನ್ನ ಕೋಳಿ ತಳಿ ಕೆಡಸೈತಿ. ಹಿಂಗ ಅಂದಿದ್ರ ಯಾರಿಗೂ ಏನೂ ಅನಸ್ತಿದ್ದಿಲ್ಲ, ಹೌದಿಲ್ರಿ?"

ಸಮಾಧಾನವಾಗಲಿ ಎಂದು ನಾನು, "ಹೌದ್ರಿ, ಏನೂ ಅನಸ್ತಿದ್ದಿಲ್ಲ" ಎಂದೆ.

ಅವರು ತಲೆ ಅಲ್ಲಾಡಿಸಿದರು.

"ಇಲ್ಲ ಬಿಡ್ರಿ. ಅವತ್ತ ಆ ಶಬ್ದ ಗೊತ್ತಿದ್ರೂ, ನಾ ಅದನ್ನ ಅಂತಿದ್ದಿಲ್ಲ."